ಸವೆದ ಲೆವೆಲ್ 3 ವೆಸ್ಟಾ, ಹೊಸ ಲೆವೆಲ್ 2 ವೆಸ್ಟಾ?

ಎರಾಂಗೆಲ್_ಯಾತ್ರಿ:
ಪಬ್‌ಜಿ ಗೇಮ್, ಪಿಸಿ. ಸ್ಕ್ವಾಡ್ ಮ್ಯಾಚ್, ಸರ್ಕಲ್ (ಆಡೋ ಜಾಗ) ಚಿಕ್ಕದಾಗಿದೆ, ಇನ್ನೂ ಎರಡು ತಂಡ ಬದುಕಿವೆ ಅಂತ ಇಟ್ಕೊಳ್ಳಿ. ಮೈಮೇಲೆ ಲೆವೆಲ್ 3 ವೆಸ್ಟ್ (ಗುಂಡು ತಡೆಯೋ ಕವಚ), ಆದರೆ ಬಾಳಿಕೆ 250ರಲ್ಲಿ 40ರಷ್ಟು ಮಾತ್ರ ಉಳಿದಿದೆ. ಪಕ್ಕದ ಕ್ರೇಟ್‌ನಲ್ಲಿ ಗುಂಡೇ ತಾಗದ ಲೆವೆಲ್ 2 ಬಿದ್ದಿದೆ, 220ಕ್ಕೆ 220. ಬದಲಾಯಿಸಬೇಕೋ ಬೇಡವೋ? ತಲೆಗೆ ಲೆವೆಲ್ 1 ಹೆಲ್ಮೆಟ್. ಅದರ ಬಗ್ಗೆ ಕೇಳ್ತಿಲ್ಲ, ವೆಸ್ಟ್ ಬಗ್ಗೆ ಮಾತ್ರ ಹೇಳಿ.

ಗೂಳಿ47:
ಬೇಡ. ಲೆವೆಲ್ 3 ಅಂದ್ರೆ ಲೆವೆಲ್ 3 ಗುರು. ಬಾಳಿಕೆ ಕಮ್ಮಿ ಆದಷ್ಟೂ ರಕ್ಷಣೆ ಕಮ್ಮಿ ಆಗಲ್ಲ, ಪೂರ್ತಿ ಒಡೆಯೋವರೆಗೂ 55% ಕಡಿತ ಹಾಗೇ ಇರುತ್ತೆ. ಲೆವೆಲ್ 2 ಕೊಡೋದು 40%. ಕೈಲಿರೋ ಚಿನ್ನ ಬಿಟ್ಟು ಹಿತ್ತಾಳೆಗೆ ಬಗ್ಗೋದ್ಯಾಕೆ? ಆಮೇಲೆ ಲೆವೆಲ್ 1 ಹೆಲ್ಮೆಟ್ ಹಾಕ್ಕೊಂಡು ಕೊನೇ ಸರ್ಕಲ್‌ವರೆಗೆ ಬಂದಿದ್ದೇ ತಪ್ಪು. ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ.

ಲೆಕ್ಕದ_ಮೇಷ್ಟ್ರು:
"ಪೂರ್ತಿ ಒಡೆಯೋವರೆಗೂ" ಅಂದ್ರಲ್ಲ, ಎಲ್ಲಾ ಇರೋದು ಅಲ್ಲೇ. ಎಷ್ಟು ಗುಂಡಿಗೆ ಒಡೆಯುತ್ತೆ?

ಎದೆಗೆ 40 ಹಾನಿ ಮಾಡೋ ರೈಫಲ್ ಗುಂಡು ತಗೊಳ್ಳಿ, ಎಂ416 ಅದರ ಆಸುಪಾಸಿನಲ್ಲೇ ಇದೆ. ಪೂರ್ತಿ ಆರೋಗ್ಯ 100. ವೆಸ್ಟ್ ಇಲ್ಲದಿದ್ದರೆ 3 ಗುಂಡಿಗೆ ಸಾವು. ಲೆವೆಲ್ 1ರಲ್ಲಿ ಗುಂಡಿಗೆ 28, ಅಂದ್ರೆ 4 ಗುಂಡು. ಲೆವೆಲ್ 2ರಲ್ಲಿ 24, 5 ಗುಂಡು. ಲೆವೆಲ್ 3ರಲ್ಲಿ 18, 6 ಗುಂಡು. ಒಡೆದ ವೆಸ್ಟ್ ಮಾಯ ಆಗಲ್ಲ, ಮೈಮೇಲೇ ಉಳಿದು 20% ತಡೆಯುತ್ತೆ, ಅಂದ್ರೆ ಗುಂಡಿಗೆ 32.

ಈಗ 40 ಉಳಿದಿರೋ ಲೆವೆಲ್ 3. ಗುಂಡಿನ ಪೂರ್ತಿ 40 ಬಾಳಿಕೆಯಿಂದ ಕಳೆದರೆ ಮೊದಲ ಗುಂಡಿಗೇ ಖಾಲಿ: 18, 32, 32, 32. ನಾಲ್ಕನೇ ಗುಂಡಿಗೆ ಆಟ ಮುಗೀತು. ಇಲ್ಲ, ಮೈಗೆ ತಾಗೋ 18 ಮಾತ್ರ ಕಳೆಯುತ್ತೆ ಅಂತ ವಾದ ಮಾಡ್ತೀರಾ? ಸರಿ, ಆಗ ಮೂರು ಗುಂಡು ತಡೆಯುತ್ತೆ: 18, 18, 18, 32, 32. ಐದನೇ ಗುಂಡಿಗೆ ಸಾವು. ಹೊಸ ಲೆವೆಲ್ 2ರಲ್ಲೂ ಐದೇ. ನಿಮ್ಮ ಲೆಕ್ಕಕ್ಕೆ ಎಷ್ಟು ಉದಾರವಾಗಿ ಒಪ್ಪಿಕೊಂಡರೂ ಸಮ-ಸಮ, ಗೆಲುವಂತೂ ಇಲ್ಲ. ಬದಲಾಯಿಸಿ.

ಹುಬ್ಬಳ್ಳಿ_ಮಂದಿ:
ವೆಸ್ಟ್ ಹಾಳಾಗ್ಲಿ. "ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ" ಅಂದಾವ ಯಾರಪಾ? ಲೆವೆಲ್ 1 ಹೆಲ್ಮೆಟ್ 30% ತಡೀತದ. ಅದೂ ಬ್ಯಾಡ ಅಂದ್ರ ಬರೀ ತಲೀಲೆ ಓಡಾಡು ಹೋಗು.

ಗೂಳಿ47:
ನಾನೇ ಅಂದಿದ್ದು. ಮೇಷ್ಟ್ರ ಲೆಕ್ಕದಲ್ಲೇ ನೋಡಣ್ಣ. ರೈಫಲ್‌ಗೆ ತಲೆಯ ಗುಣಕ 2.35. 40 × 2.35 = 94. ಹೆಲ್ಮೆಟ್ ಇಲ್ಲದವನಿಗೆ ಎರಡು ಗುಂಡು ಬೇಕು. ಲೆವೆಲ್ 1 ಹಾಕಿದವನಿಗೆ 65.8, ಎರಡು ಗುಂಡು. ಲೆವೆಲ್ 2 ಹಾಕಿದವನಿಗೆ 56.4, ಅಲ್ಲೂ ಎರಡೇ. ಲೆವೆಲ್ 3ರಲ್ಲಿ 42.3, ಅಲ್ಲಿ ಮಾತ್ರ ಮೂರು. ಸೊನ್ನೆ, ಒಂದು, ಎರಡು ಮೂರೂ ಒಂದೇ ಬಾವಿಯ ನೀರು. ಗಣಿತ ಅಲ್ವಾ, ಕೋಪ ಯಾಕೆ?

ಹುಬ್ಬಳ್ಳಿ_ಮಂದಿ:
ಕೋಪ ಎಲ್ಲೈತಲೇ? ಎಂ416 ಒಂದ ಬಂದೂಕು ಐತೇನ್ ಆ ಆಟದಾಗ? ಎಕೆಎಂ ಹಿಡಿ. 47 × 2.35 ಅಂದ್ರ 110. ಬರೀ ತಲಿಗೆ ಒಂದ ಗುಂಡು, ಅಷ್ಟ. ಲೆವೆಲ್ 1 ಇದ್ರ 77, ಜೀವ ಉಳೀತದ, ಕಲ್ಲಿನ ಹಿಂದ ಬೀಳಾಕ ಟೈಮ್ ಸಿಗ್ತದ. ಒಂದೇ ಆತೇನ್ ಈಗ?

ಮೊಬೈಲ್_ವೀರ:
ಇಷ್ಟೊಂದು ಲೆಕ್ಕ ಯಾಕೆ ಬ್ರೋ, ಬಿಜಿಎಂಐನಲ್ಲಿ (ಪಬ್‌ಜಿಯ ಭಾರತದ ಮೊಬೈಲ್ ಆವೃತ್ತಿ) ಲೆವೆಲ್ 3 ಹೆಲ್ಮೆಟ್ ನೆಲದ ಮೇಲೇ ಸಿಗುತ್ತೆ, ಮಿಲಿಟರಿ ಬೇಸ್‌ಗೆ ಇಳಿದು ಎತ್ಕೊಂಡ್ರೆ ಆಯ್ತು 😂

ಗೂಳಿ47:
@ಮೊಬೈಲ್_ವೀರ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀಬೇಡ. ಮೇಲ್ಗಡೆ ಪಿಸಿ ಅಂತ ಬರೆದಿದೆ. ಇಲ್ಲಿ ಲೆವೆಲ್ 3 ಹೆಲ್ಮೆಟ್ ಬೇಕಂದ್ರೆ ಏರ್‌ಡ್ರಾಪ್ (ವಿಮಾನದಿಂದ ಬೀಳೋ ಪೆಟ್ಟಿಗೆ) ಹಿಂದೆ ಓಡಬೇಕು.

@ಹುಬ್ಬಳ್ಳಿ_ಮಂದಿ ಎಕೆಎಂ 47 ಅನ್ನೋದು ಯಾವ ಪ್ಯಾಚಿನ (ಗೇಮ್ ಅಪ್‌ಡೇಟ್‌ನ) ಅಂಕಿ? ಆ ಬಂದೂಕಿನ ಹಾನಿ ಎಷ್ಟು ಸಲ ಏರಿಳಿದಿದೆ ಗೊತ್ತಾ? ಬೇಕಾದ ಬಂದೂಕು ಆರಿಸ್ಕೊಂಡು ವಾದ ಮಾಡೋದು ಸುಲಭ.

ಹುಬ್ಬಳ್ಳಿ_ಮಂದಿ:
ನೀ ಎಂ416 ಆರಿಸ್ಕೊಂಡಿ, ನಾ ಎಕೆಎಂ ಆರಿಸ್ಕೊಂಡ್ರ ತಪ್ಪು? 43ಕ್ಕಿಂತ ಕಡಿಮಿ ಮಾಡಿದ್ರ ಮಾತ್ರ ನಿನ್ನ ಮಾತು ಉಳೀತದ, ಯಾಕಂದ್ರ 43 × 2.35 ಸುದ್ದಾ 101. ಎಕೆಎಂ 43ಕ್ಕಿಂತ ಕೆಳಗ ಇಳಿದ ಪ್ಯಾಚ್ ತೋರ್ಸು, ನಾ ಸುಮ್ನಾಗ್ತೀನಿ.

ಕಡಲಕರೆ:
ಎಂತದು ಮಾರಾಯ್ರೆ, ನೀವಿಬ್ಬರೂ ಗುಂಡೆಲ್ಲ ತಲೆಗೇ ಬೀಳ್ತದೆ ಅಂತ ಲೆಕ್ಕ ಹಾಕ್ತಿದ್ದೀರಲ್ಲ. ಹಾಗೆ ಯಾರು ಹೊಡೀತಾರೆ? ಸ್ಪ್ರೇ ಮಾಡುವಾಗ, ಅಂದರೆ ಬಿಡದೆ ಗುಂಡು ಹಾರಿಸುವಾಗ, ಒಂದು ತಲೆಗೆ, ಉಳಿದದ್ದು ಎದೆಗೆ. ಆ ಲೆಕ್ಕ ಹಾಕಿ ನೋಡುವ. ಎಂ416, ಲೆವೆಲ್ 2 ವೆಸ್ಟ್, ಮೊದಲ ಗುಂಡು ತಲೆಗೆ.

ಹೆಲ್ಮೆಟ್ ಇಲ್ಲ: 94 + 24 = 118. ಎರಡನೇ ಗುಂಡಿಗೆ ಹೋದ.
ಲೆವೆಲ್ 1: 65.8 + 24 = 89.8. ಇನ್ನೂ ಇದ್ದಾನೆ, ಮೂರನೇ ಗುಂಡಿಗೆ ಹೋದ.
ಲೆವೆಲ್ 2: 56.4 + 24 = 80.4. ಇವನೂ ಮೂರನೇ ಗುಂಡಿಗೇ.
ಲೆವೆಲ್ 3: 42.3 + 24 + 24 = 90.3. ನಾಲ್ಕನೇ ಗುಂಡು ಬೇಕು.

ಅಂದರೆ ಸೊನ್ನೆ, ಒಂದು, ಎರಡರಲ್ಲಿ ವ್ಯತ್ಯಾಸ ಇರುವುದೇ ಸೊನ್ನೆಗೂ ಒಂದಕ್ಕೂ ನಡುವೆ. ಗೂಳಿ ಹೇಳಿದ್ದು ತಲೆಕೆಳಗು. ಲೆವೆಲ್ 1 ಬಿಟ್ಟು ಲೆವೆಲ್ 2 ಹುಡುಕಿಕೊಂಡು ಮನೆ ಮನೆ ಸುತ್ತುವುದು ಇಲ್ಲಿ ದಂಡ.

ಗೂಳಿ47:
"ಲೆವೆಲ್ 2 ಹುಡುಕೋದು ದಂಡ" ಅಂತೆ! ಎಲ್ಲಾ ಕೇಳ್ಕೊಳಿ. ಲೆವೆಲ್ 1ರ ಬಾಳಿಕೆ 80, ಲೆವೆಲ್ 2ರದ್ದು 150. ಹೆಲ್ಮೆಟ್ ಒಡೆದ್ರೆ ವೆಸ್ಟ್ ಥರ 20% ಉಳಿಯಲ್ಲ, ತಲೆ ಮೇಲಿಂದ ಹಾರಿ ಹೋಗುತ್ತೆ. ಮುಂದಿನ ಫೈಟ್‌ಗೆ ಏನು ಹಾಕ್ತೀಯಾ, ತೆಂಗಿನ ಚಿಪ್ಪಾ?

ಕಡಲಕರೆ:
ಮುಂದಿನ ಫೈಟ್ ಬಗ್ಗೆ ನಾನು ಹೇಳಲೇ ಇಲ್ಲ. "ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ" ಅಂತ ಹೇಳಿದ್ದು ನೀವು. ಈಗ 80 ಬಾಳಿಕೆ ಅಂತ ನೀವೇ ಹೇಳ್ತಿದ್ದೀರಿ. ಇಲ್ಲದ ತಲೆಗೆ ಎಷ್ಟು ಬಾಳಿಕೆ ಸ್ವಾಮಿ?

ಹುಬ್ಬಳ್ಳಿ_ಮಂದಿ:
😂😂 ತೆಂಗಿನ ಚಿಪ್ಪಿಗೂ 30% ಕೊಡ್ರೋ

ಲೆಕ್ಕದ_ಮೇಷ್ಟ್ರು:
ಕಡಲಕರೆಯವರ ಕೂಡಿಸುವಿಕೆ ಸರಿ ಇದೆ, ಆದರೆ 100 ಆರೋಗ್ಯ ಇದೆ ಅಂದುಕೊಂಡು ಮಾಡಿದ್ದು. ಫಸ್ಟ್ ಏಡ್ ಏರಿಸೋದು 75ರವರೆಗೆ ಮಾತ್ರ. ಆಗ ಲೆವೆಲ್ 1, ಲೆವೆಲ್ 2 ಎರಡೂ ತಲೆಗೊಂದು ಎದೆಗೊಂದು ಗುಂಡಿಗೇ ಸಾಯ್ತವೆ: 89.8, 80.4. ವೆಸ್ಟ್‌ಗೂ ಇದೇ ತೊಂದರೆ. ಲೆವೆಲ್ 2ರಲ್ಲಿ ನಾಲ್ಕು ಗುಂಡಿಗೆ 96 ಆಗುತ್ತೆ, ನೂರಿದ್ದರೆ 4 ಉಳೀತು, ಐದನೇ ಗುಂಡು ಬೇಕು. 96 ಅಥವಾ ಕಮ್ಮಿ ಇದ್ದರೆ ನಾಲ್ಕಕ್ಕೇ ಸಾಕು. ಬ್ಲೂ ಝೋನ್ (ಸರ್ಕಲ್ ಹೊರಗಿನ, ಹಾನಿ ಮಾಡೋ ಜಾಗ) ಒಂದು ಚೂರು ಸವರಿದರೂ ನಿಮ್ಮ ಲೆವೆಲ್ 2 ಲೆವೆಲ್ 1 ಆಗಿಬಿಡುತ್ತೆ, ಯಾಕಂದ್ರೆ ಬ್ಲೂ ಝೋನ್‌ಗೂ ಬೀಳೋದಕ್ಕೂ ವೆಸ್ಟ್ ಲೆಕ್ಕಕ್ಕಿಲ್ಲ. ಅದಕ್ಕೇ ಫೈಟ್‌ಗೆ ಮುಂಚೆ 75ಕ್ಕೆ ನಿಲ್ಲಿಸದೆ ಎನರ್ಜಿ ಡ್ರಿಂಕೋ ಪೇನ್‌ಕಿಲ್ಲರೋ ಕುಡಿದು ನೂರಕ್ಕೆ ತರಬೇಕು. ಡ್ರಿಂಕ್‌ಗೆ 4 ಸೆಕೆಂಡ್, ಪೇನ್‌ಕಿಲ್ಲರ್‌ಗೆ 6.

ಗೂಳಿ47:
"ಲೆವೆಲ್ 1, ಲೆವೆಲ್ 2 ಎರಡೂ ಸಾಯ್ತವೆ." ಥ್ಯಾಂಕ್ಸ್ ಮೇಷ್ಟ್ರೇ. ನಾನು ಹೇಳಿದ್ದೂ ಅದೇ.

ಲೆಕ್ಕದ_ಮೇಷ್ಟ್ರು:
ನೀವು ಹೇಳಿದ್ದು ಅದಲ್ಲ.

ಗೂಳಿ47:
ಸ್ನೈಪರ್ ಬಂದೂಕು ಕಾರ್98 ನೋಡಿ ಬೇಕಾದ್ರೆ. 79 × 2.5 = 197.5. ಲೆವೆಲ್ 1ರಲ್ಲಿ 138, ಲೆವೆಲ್ 2ರಲ್ಲಿ 118. ಇಬ್ಬರೂ ಒಂದೇ ಗುಂಡಿಗೆ ಮಲಗ್ತಾರೆ. ಲೆವೆಲ್ 3ರಲ್ಲಿ 88.9, ಅವನು ಬದುಕ್ತಾನೆ. ಎಡಬ್ಲ್ಯೂಎಂ ಬಂತಾ, 105 × 2.5, ಲೆವೆಲ್ 3 ಇದ್ದರೂ 118, ಅವನೂ ಹೋದ. ಕೊನೇ ಸರ್ಕಲ್‌ನಲ್ಲಿ ಸ್ನೈಪರ್ ಇದ್ದೇ ಇರ್ತಾನೆ. ಅದಕ್ಕೇ ಹೇಳಿದ್ದು, ತಲೆಗೆ ಲೆವೆಲ್ 3 ಇಲ್ಲಾಂದ್ರೆ ಉಳಿದಿದ್ದೆಲ್ಲ ಅಲಂಕಾರ.

ಹುಬ್ಬಳ್ಳಿ_ಮಂದಿ:
ಈಗ ಕಾರ್98ಗೆ ಜಿಗದಿ. ಎಕೆಎಂ ಪ್ಯಾಚ್ ಎಲ್ಲೈತಿ? ಮೊದಲ ಅದನ್ನ ತೋರ್ಸು. ಊರಿಗೊಂದು ದಾರಿ ಆದ್ರ ನಿನಗೊಂದು ದಾರಿ.

ಗೂಳಿ47:
ಒಂದು ಗುಂಡಿನ ವ್ಯತ್ಯಾಸಕ್ಕೆ ಇಷ್ಟು ಕುಣಿಯೋದಾ? ಎಂ416ರಲ್ಲಿ ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ 0.086 ಸೆಕೆಂಡ್. ಅಷ್ಟರಲ್ಲಿ ಏನು ಮಾಡ್ತೀಯಾ, ಕಾಫಿ ಕುಡೀತೀಯಾ?

ಕಡಲಕರೆ:
ಮೊನ್ನೆಯವರೆಗೆ 55%, 40% ಅಂತ ವೆಸ್ಟ್‌ಗೆ ಪ್ರಾಣ ಬಿಡ್ತಿದ್ದವರು ನೀವೇ. ಲೆವೆಲ್ 2ಕ್ಕೂ 3ಕ್ಕೂ ಇರುವುದೂ ಅದೇ ಒಂದು ಗುಂಡು. ಅಲ್ಲಿ ಚಿನ್ನ, ಇಲ್ಲಿ ಕಾಫಿಯಾ?

ಮೊಬೈಲ್_ವೀರ:
ಚಿನ್ನ ಕಾಫಿ 🤣 ಪಿಸಿ ಅಂಕಲ್‌ಗಳು ಬೆಂಕಿ

ಗೂಳಿ47:
ಅಂಕಲ್ ಯಾರಿಗಂದೆ? ಥಂಬ್‌ನಲ್ಲಿ ಆಡೋನು ಬಂದು ನಮಗೆ ಹೇಳೋದು ಬೇಡ. ಬಾಟ್ (ಕಂಪ್ಯೂಟರ್ ಆಡಿಸೋ ಆಟಗಾರ) ಹೊಡೆದು ಮ್ಯಾಚ್ ಗೆದ್ದು ಚಿಕನ್ ಡಿನ್ನರ್ ತಿನ್ನೋ ಹುಡ್ಗ.

ಮೊಬೈಲ್_ವೀರ:
ಪಿಸಿಯಲ್ಲೂ ಬಾಟ್ ಇದಾವೆ ಅಂಕಲ್, 2020ರಲ್ಲೇ ಬಂದ್ವು. ಗೊತ್ತಿಲ್ಲ ಅಂದ್ರೆ ನಿಮ್ಮ ಅರ್ಧ ಕಿಲ್ ಅವೇ ಇರ್ಬೇಕು

ಹುಬ್ಬಳ್ಳಿ_ಮಂದಿ:
ಹುಡುಗ ಬರೋಬ್ಬರಿ ಹೇಳ್ಯಾನ 👏

ಲೆಕ್ಕದ_ಮೇಷ್ಟ್ರು:
ಬಾಟ್ ಬಿಡಿ. ಪ್ರಶ್ನೆ ಕೇಳಿದವರಿಗೆ ಒಂದು ಗೆರೆ ಬೇಕಲ್ಲ, ಅದು ಹೀಗೆ. ಗುಂಡಿನ ಪೂರ್ತಿ ಹಾನಿ ಬಾಳಿಕೆಯಿಂದ ಕಳೆಯುತ್ತೆ ಅಂತ ಕಟ್ಟುನಿಟ್ಟಾಗಿ ಹಿಡಿಯಿರಿ. ಲೆವೆಲ್ 3ರ ಬಾಳಿಕೆ 160ಕ್ಕಿಂತ ಮೇಲಿದ್ದರೆ ಐದು ಗುಂಡು 18ರಂತೆ ತಡೆದು ಆರನೇದಕ್ಕೆ ಕರ್ಕೊಂಡು ಹೋಗುತ್ತೆ, ಇಟ್ಕೊಳ್ಳಿ. 80ರಿಂದ 160ರ ನಡುವೆ ಹೊಸ ಲೆವೆಲ್ 2ಗೆ ಸಮ, ಕ್ರೇಟ್ ಬಯಲಲ್ಲಿದ್ದರೆ ಬಗ್ಗೋ ಅಪಾಯ ಬೇಡ. 80 ಅಥವಾ ಅದಕ್ಕಿಂತ ಕೆಳಗಿದ್ದರೆ 18 + 18 + 32 + 32, ಸರಿಯಾಗಿ ನೂರು, ನಾಲ್ಕಕ್ಕೆ ಸಾವು. ಬದಲಾಯಿಸಿ. ಕಣ್ಣಳತೆಯಲ್ಲಿ ಹೇಳಬೇಕಂದ್ರೆ ಬಾಳಿಕೆ ತೋರಿಸೋ ಪಟ್ಟಿ ಮೂರನೇ ಒಂದಕ್ಕಿಂತ ಕೆಳಗೆ ಬಂದರೆ ಲೆವೆಲ್ 2 ಹಾಕಿ.

ಗೂಳಿ47:
"ಕಟ್ಟುನಿಟ್ಟಾಗಿ ಹಿಡಿಯಿರಿ." ಹಿಡಿದ್ರೆ ತಾನೇ? ಎದೆ, ಹೊಟ್ಟೆ, ಭುಜ ಎಲ್ಲಕ್ಕೂ ಒಂದೇ ಗುಣಕನಾ? ಕೈಕಾಲಿಗೆ ಬಿದ್ದ ಗುಂಡಿಗೆ ನಿಮ್ಮ ವೆಸ್ಟ್ ಏನು ಮಾಡುತ್ತೆ? ಏನೂ ಇಲ್ಲ. ಹತ್ತರಲ್ಲಿ ನಾಲ್ಕು ಗುಂಡು ಕಾಲಿಗೆ ಹೋದ್ರೆ ನಿಮ್ಮ ಟೇಬಲ್ ಮಡಚಿ ಜೇಬಿಗೆ ಹಾಕ್ಕೊಳಿ.

ಲೆಕ್ಕದ_ಮೇಷ್ಟ್ರು:
ಕಾಲಿಗೆ ಬಿದ್ದ ಗುಂಡು ಎರಡೂ ವೆಸ್ಟ್‌ಗೂ ಒಂದೇ ಅಲ್ಲವಾ? ಅದರಿಂದ ಲೆವೆಲ್ 3 ಹೇಗೆ ಗೆಲ್ಲುತ್ತೆ?

ಕಡಲಕರೆ:
ಅವರಿಗೆ ಉತ್ತರ ಬೇಡ ಮೇಷ್ಟ್ರೇ, ಮುಂದಿನ ಪ್ರಶ್ನೆ ಬೇಕು ಅಷ್ಟೆ.

ಯಾತ್ರಿಯವರೇ, ಬದಲಾಯಿಸುವುದಾದರೆ ಒಂದು ವಿಷಯ. ಹಳೆಯ ವೆಸ್ಟ್ ಮೊದಲು ಬಿಸಾಡಲು ಹೋಗಬೇಡಿ. ವೆಸ್ಟ್‌ನಿಂದ 50 ಜಾಗ ಸಿಗ್ತದೆ, ಬ್ಯಾಗ್ ತುಂಬಿದ್ದರೆ ತೆಗೆಯಲು ಬಿಡುವುದಿಲ್ಲ, ಅಲ್ಲೇ ಕೂತು ಗುಂಡು ಎಣಿಸುತ್ತಾ ಸಾಯ್ತೀರಿ. ಕ್ರೇಟ್‌ನಿಂದ ನೇರ ಮೈಮೇಲೆ ಎಳೆಯಿರಿ, ಒಂದಕ್ಕೊಂದು ಬದಲಾಗ್ತದೆ. ಅದಕ್ಕೂ ಮೊದಲು ಸ್ಮೋಕ್ ಒಂದನ್ನು ಕ್ರೇಟ್ ಮೇಲಲ್ಲ, ಕ್ರೇಟಿಗೂ ಶತ್ರುವಿಗೂ ನಡುವೆ ಹಾಕಿ. ಕ್ರೇಟ್ ಮೇಲೇ ಹಾಕಿದರೆ ಹೊಗೆಯೊಳಗೆ ಸುಮ್ಮನೆ ಸ್ಪ್ರೇ ಮಾಡ್ತಾರೆ.

ಎರಾಂಗೆಲ್_ಯಾತ್ರಿ:
ಸ್ಮೋಕ್ ವಿಷಯ ಸರಿ. ಆದರೆ ಮೇಷ್ಟ್ರ "ಮೂರನೇ ಒಂದು" ಒಪ್ಪಲ್ಲ, ಎದುರಾಳಿ ಕೈಲಿ ಎಂ416 ಇದೆ ಅಂತ ನಾನು ಎಲ್ಲೂ ಹೇಳಿಲ್ಲ. ಅವನು ಎಕೆಎಂ ಹಿಡಿದಿದ್ರೆ?

ಹುಬ್ಬಳ್ಳಿ_ಮಂದಿ:
ಎಕೆಎಂ ಅಂದ್ರ ನೋಡ್ರಿ! ಗೂಳಿ, ಪ್ಯಾಚ್ ತಂದ್ಯೇನ?

ಗೂಳಿ47:
ಲೆವೆಲ್ 3 ಹೆಲ್ಮೆಟ್‌ಗೆ ಎಕೆಎಂ ತಲೆಗೆ 49.7. ಎರಡು ಗುಂಡಿಗೆ 99.4. 0.6 ಉಳೀತು. ಅದೇ ಲೆವೆಲ್ 3.

ಹುಬ್ಬಳ್ಳಿ_ಮಂದಿ:
ಅಂದ್ರ 47 ಒಪ್ಕೊಂಡಿ.

ಗೂಳಿ47:
ನಿನ್ನ ಅಂಕಿ ತಗೊಂಡು ಲೆಕ್ಕ ಹಾಕ್ದೆ ಅಷ್ಟೇ. ಒಪ್ಕೊಂಡೆ ಅಂತ ಯಾರಂದ್ರು?