ಆತಂಕಕ್ಕೆ ಲ್ಯಾವೆಂಡರ್ ಎಣ್ಣೆ: ಎಷ್ಟು ಹನಿ, ಹೇಗೆ, ಯಾರಿಗೆ ಬೇಡ?

ಪ್ರಶ್ನೆ (ಮಾರತ್ತಹಳ್ಳಿಯಿಂದ):
ಸಂಜೆ ಹೊರವರ್ತುಲ ರಸ್ತೆಯ ಟ್ರಾಫಿಕ್‌ನಲ್ಲಿ ಕೂತರೆ ಎದೆ ಬಿಗಿದ ಹಾಗಾಗುತ್ತೆ. ಮನೆಗೆ ಬಂದರೂ ಸಡಿಲ ಆಗಲ್ಲ, ರಾತ್ರಿ ಹನ್ನೆರಡಾದರೂ ನಿದ್ದೆ ಇಲ್ಲ. ಲ್ಯಾವೆಂಡರ್ ಎಣ್ಣೆ ತಗೊಳ್ಳಿ, ಡಿಫ್ಯೂಸರ್ (ವಾಸನೆಯನ್ನ ಕೋಣೆಗೆಲ್ಲ ಹರಡೋ ಯಂತ್ರ) ಇಡಿ ಅಂತ ಆಫೀಸಿನಲ್ಲಿ ಎಲ್ಲರೂ ಹೇಳ್ತಾರೆ. ಯಾವ ಎಣ್ಣೆ, ಎಷ್ಟು ಹನಿ, ಹೇಗೆ ಬಳಸೋದು ಅಂತ ಗೊತ್ತಿರೋರು ಹೇಳಿ. ಮನೆಯಲ್ಲಿ ಒಂದೂವರೆ ವರ್ಷದ ಮಗು ಇದೆ, ಅತ್ತೆಗೆ ಅಸ್ತಮಾ ಇದೆ.

ಅತ್ತರು, ಎಣ್ಣೆ ಬೆರೆಸುವವರು (ಚಿಕ್ಕಪೇಟೆ):
ನಿಮ್ಮ ಮನೆಗೆ ಡಿಫ್ಯೂಸರ್ ಬೇಡ ಮೇಡಂ. ಅಸ್ತಮಾದವರೂ ಮಗುವೂ ಇರುವ ಕಡೆ ಇಡೀ ಕೋಣೆಗೆ ವಾಸನೆ ಹರಡಬಾರದು, ನಿಮ್ಮ ಮೂಗಿಗೆ ಮಾತ್ರ ತಲುಪಿದರೆ ಸಾಕು. ಅದಕ್ಕೆ ಖಾಲಿ ಇನ್‌ಹೇಲರ್ ಕಡ್ಡಿ ಸಿಗುತ್ತೆ. ಮೂಗು ಕಟ್ಟಿದಾಗ ಎಳೆದುಕೊಳ್ಳುವ ಕಡ್ಡಿಯದೇ ಆಕಾರ: ಬೆರಳುದ್ದದ ಪ್ಲಾಸ್ಟಿಕ್ ಕೊಳವೆ, ಒಳಗೆ ಹತ್ತಿಯ ಬತ್ತಿ, ತಳಕ್ಕೆ ಒತ್ತುವ ಬಿರಡೆ, ಮೇಲೆ ತಿರುಗಿಸುವ ಮುಚ್ಚಳ. ಬತ್ತಿಯನ್ನು ಗಾಜಿನ ಬಟ್ಟಲಲ್ಲಿಟ್ಟು ಲ್ಯಾವೆಂಡರ್ 12 ಹನಿ ಬಿಡಿ. ಬಟ್ಟಲಲ್ಲಿ ಎಣ್ಣೆ ಉಳಿದಿದ್ದರೆ ಬತ್ತಿಯನ್ನೇ ಹೊರಳಿಸಿ ಹೀರಿಸಿ. ಚಿಮುಟದಲ್ಲಿ ಹಿಡಿದು ಕೊಳವೆಗೆ ತೂರಿಸಿ, ಬಿರಡೆ ಟಕ್ ಅನ್ನುವ ತನಕ ಮೇಜಿನ ಮೇಲೆ ಒತ್ತಿ. ಆ ಟಕ್ ಕೇಳಿಸದಿದ್ದರೆ ಬಿರಡೆ ಕೂತಿಲ್ಲ ಅಂತ ಅರ್ಥ, ಬ್ಯಾಗಿನಲ್ಲಿ ಎರಡೇ ದಿನಕ್ಕೆ ಬತ್ತಿ ಒಣಗುತ್ತೆ. ಸರಿಯಾಗಿ ಕೂತಿದ್ದರೆ ಒಂದೆರಡು ತಿಂಗಳು ಬರುತ್ತೆ. ಮೆಟ್ರೊದಲ್ಲಿ ತೆಗೆದರೂ ಪಕ್ಕದಲ್ಲಿ ಕೂತವರಿಗೆ ಗೊತ್ತಾಗಲ್ಲ.

ಇನ್ನೊಂದು ಮಾತು. ಹೊಸಬರೆಲ್ಲ ಎಡವೋದು ಒಂದೇ ಕಡೆ. ಒಂದೇ ವಾಸನೆಯಲ್ಲಿ ಹತ್ತು ಹದಿನೈದು ನಿಮಿಷ ಕೂತರೆ ಮೂಗು ಅದನ್ನು ಗಮನಿಸುವುದನ್ನೇ ಬಿಟ್ಟುಬಿಡುತ್ತೆ. ಎಣ್ಣೆ ಕೋಣೆಯಲ್ಲೇ ಇರುತ್ತೆ, ನಮಗೆ ಗೊತ್ತಾಗಲ್ಲ ಅಷ್ಟೆ. "ವಾಸನೆ ಹೋಯ್ತು" ಅಂತ ಇನ್ನೂ ನಾಲ್ಕು ಹನಿ, ಆಮೇಲೆ ಮತ್ತೆ ನಾಲ್ಕು ಹಾಕ್ತಾರೆ. ರಾತ್ರಿ ತಲೆನೋವು, ವಾಕರಿಕೆ. ಬೈಯೋದು ಎಣ್ಣೆಯನ್ನ. ಹೊರಗೆ ಹೋಗಿ ಐದು ನಿಮಿಷ ಬಿಟ್ಟು ಬನ್ನಿ, ಆಗ ತಿಳಿಯುತ್ತೆ ಎಷ್ಟಿದೆ ಅಂತ.

ಔಷಧಿ ಅಂಗಡಿ (ಮಲ್ಲೇಶ್ವರ):
ಮಗುವಿನ ವಿಷಯ ಮೊದಲು. ನೀಲಗಿರಿ ಎಣ್ಣೆ, ಕರ್ಪೂರ, ಪುದೀನ ಎಣ್ಣೆ (ಪೆಪ್ಪರ್‌ಮಿಂಟ್), ಇವು ಮೂರೂ ಆ ವಯಸ್ಸಿನ ಮಗುವಿನ ಹತ್ತಿರ ಸುಳಿಯಬಾರದು. ನೆಗಡಿಗೆ ಅಂತ ದಿಂಬಿಗೆ ನೀಲಗಿರಿ ಎಣ್ಣೆ ಹಾಕುವುದು, ಬಟ್ಟೆಯಲ್ಲಿ ಕರ್ಪೂರ ಕಟ್ಟಿ ಕುತ್ತಿಗೆಗೆ ತೂಗುಬಿಡುವುದು ನಮ್ಮಲ್ಲಿ ಮಾಮೂಲು, ಆದರೆ ಎರಡೂ ತಪ್ಪು. ಎಣ್ಣೆ ಹೊಟ್ಟೆಗೆ ಹೋದರಂತೂ ಒಂದು ಚಮಚ, ಅಂದರೆ 5 ಎಂಎಲ್ ಕೂಡ ಪುಟ್ಟ ಮಗುವಿಗೆ ಪ್ರಾಣಾಪಾಯ. ಹಾಗೇನಾದರೂ ಆದರೆ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತೆ. ಬಾಟಲಿ ಕೈಯಲ್ಲಿ ಹಿಡಿದುಕೊಂಡು ನೇರ ಆಸ್ಪತ್ರೆಗೆ ಓಡಿ.

ಫಿಟ್ಸ್ ಇರುವವರು ಮನೆಯಲ್ಲಿದ್ದರೂ ಇದೇ ಎಚ್ಚರಿಕೆ. ನೀಲಗಿರಿ, ಕರ್ಪೂರ ಇರುವ ಎಣ್ಣೆ ಮತ್ತು ಮುಲಾಮುಗಳಿಂದ ದೊಡ್ಡವರಿಗೂ ಫಿಟ್ಸ್ ಬಂದ ಪ್ರಕರಣಗಳನ್ನು ನಮ್ಮ ಸೇಂಟ್ ಜಾನ್ಸ್ ಆಸ್ಪತ್ರೆಯ ನರರೋಗ ವೈದ್ಯರೇ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಿಸಿದ್ದಾರೆ. ಅದರಲ್ಲಿ ಬರೀ ಉಸಿರಲ್ಲಿ ಎಳೆದುಕೊಂಡು ಆದದ್ದೂ ಇದೆ.

ಕೌಂಟರಿಗೆ ಬಂದು "ಲ್ಯಾವೆಂಡರ್ ಎಣ್ಣೆ ಎರಡು ಹನಿ ಕುಡಿಯಬಹುದಾ" ಅಂತ ಕೇಳುವವರೂ ಉಂಟು. ಜರ್ಮನಿಯಲ್ಲಿ ಲ್ಯಾವೆಂಡರ್ ಎಣ್ಣೆಯ 80 ಮಿಲಿಗ್ರಾಂ ಕ್ಯಾಪ್ಸೂಲ್ ಔಷಧಿಯಾಗಿ ಮಾರಾಟದಲ್ಲಿದೆ, ನಿಜ. ಅದು ಅಳತೆ, ಗುಣಮಟ್ಟ ಎಲ್ಲ ಕಟ್ಟುನಿಟ್ಟಾಗಿ ನೋಡಿ ಮಾಡಿದ ಮಾತ್ರೆ. ಡಿಫ್ಯೂಸರಿಗೆ ಅಂತ ಮಾರುವ ಬಾಟಲಿಗೂ ಅದಕ್ಕೂ ಸಂಬಂಧ ಇಲ್ಲ. ಕುಡಿಯಬೇಡಿ. ಆತಂಕಕ್ಕೆ ಡಾಕ್ಟರ್ ಬರೆದ ಮಾತ್ರೆ ತಗೊಳ್ತಿದ್ದರೆ ಎಣ್ಣೆ ನೆಚ್ಚಿಕೊಂಡು ಅದನ್ನು ನಿಲ್ಲಿಸಲೂ ಬೇಡಿ.

ಸಾಬೂನು ತಯಾರಿಸುವವರು (ಬಸವನಗುಡಿ):
ಎಣ್ಣೆ ಕೊಳ್ಳುವಾಗ ಹೆಸರಿಗೆ ಮರುಳಾಗಬೇಡಿ, ಹಿಂದಿನ ಚೀಟಿ ಓದಿ. ಲ್ಯಾವೆಂಡರ್ ಅಂದರೆ "ಲ್ಯಾವಂಡುಲ ಅಂಗುಸ್ಟಿಫೋಲಿಯ" ಅಂತ ಇರಬೇಕು. "ಲ್ಯಾವಂಡಿನ್" ಅಂತಿದ್ದರೆ ಅದು ಮಿಶ್ರತಳಿ. ಬೆಲೆ ಕಡಿಮೆ, ಸಾಬೂನಿಗೆ ಚೆನ್ನ, ಆದರೆ ಕರ್ಪೂರದ ಅಂಶ ಶೇ. 6ರಿಂದ 8ರ ತನಕ ಇರುತ್ತೆ. ಅಸಲಿ ಲ್ಯಾವೆಂಡರ್‌ನಲ್ಲಿ ಅದು ಶೇ. 1ರ ಆಸುಪಾಸು. ನಿದ್ದೆಗೆ ಅಂತ ತಂದ ಎಣ್ಣೆ ಮೂಗಿಗೆ ಚುರ್ ಅಂದರೆ, ಬಾಮ್ ಡಬ್ಬಿ ತೆರೆದ ಹಾಗೆ ಅನಿಸಿದರೆ ಇದೇ ಕಾರಣ. ಮೇಲಿನವರು ಹೇಳಿದ ಕರ್ಪೂರದ ಮಾತು ಇಲ್ಲಿಗೂ ಅನ್ವಯ.

"ಫ್ರಾಗ್ರೆನ್ಸ್ ಆಯಿಲ್", "ಅರೋಮಾ ಆಯಿಲ್" ಅಂತಿದ್ದರೆ ಅದು ಕೃತಕ ಸುವಾಸನೆ. ಬ್ಯಾಚ್ ಸಂಖ್ಯೆ, ತಯಾರಿಸಿದ ತಿಂಗಳು, ಕಂದು ಗಾಜಿನ ಬಾಟಲಿ, ಹನಿ ಹನಿಯಾಗಿ ಬೀಳಿಸುವ ಒಳಮುಚ್ಚಳ ಇಷ್ಟಾದರೂ ಇರಲಿ. ಆ ಬ್ಯಾಚಿನ ಜಿಸಿ-ಎಂಎಸ್ ವರದಿ (ಎಣ್ಣೆಯಲ್ಲಿ ಯಾವ ಅಂಶ ಎಷ್ಟಿದೆ ಅಂತ ತೋರಿಸುವ ಲ್ಯಾಬ್ ಪರೀಕ್ಷೆ) ಕೇಳಿ. ಕೊಡುವವರು ಕೊಡುತ್ತಾರೆ, ಇಲ್ಲದವರು ಮಾತು ಬದಲಾಯಿಸುತ್ತಾರೆ. ಕಾಗದದ ಮೇಲೆ ಹನಿ ಹಾಕಿ ನೋಡುವ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಲ್ಯಾವೆಂಡರ್ ಆರಿದ ಮೇಲೆ ಜಿಡ್ಡಿನ ಕಲೆ ಉಳಿದರೆ ಅಡುಗೆ ಎಣ್ಣೆ ಬೆರೆಸಿದ್ದಾರೆ ಅಂತ ತಿಳಿಯುತ್ತೆ, ಸರಿ. ಕೃತಕ ಲಿನಲೂಲ್ (ಲ್ಯಾವೆಂಡರ್ ವಾಸನೆಯ ಒಂದು ಮುಖ್ಯ ಅಂಶ) ಬೆರೆಸಿದ್ದರೆ ಅದು ಕೂಡ ಆರಿಹೋಗುತ್ತೆ, ಕಾಗದಕ್ಕೆ ಏನೂ ತಿಳಿಯಲ್ಲ.

ಶ್ರೀಗಂಧ, ಮಲ್ಲಿಗೆ ಎರಡರಲ್ಲೂ ಮೋಸ ಹೆಚ್ಚು. ಕೆಜಿಗೆ ಲಕ್ಷದ ಮೇಲಿರುವ ಗಂಧದೆಣ್ಣೆ 10 ಎಂಎಲ್‌ಗೆ 300 ರೂಪಾಯಿಗೆ ಬರಲು ಸಾಧ್ಯವೇ ಇಲ್ಲ. ಬೇಕೇಬೇಕು ಅಂದರೆ ಕೆಎಸ್‌ಡಿಎಲ್‌ನ (ಮೈಸೂರು ಸ್ಯಾಂಡಲ್ ಸೋಪು ಮಾಡುವ ಸರ್ಕಾರಿ ಕಂಪನಿ) ಪುಟ್ಟ ಸೀಸೆ ತಗೊಳ್ಳಿ. ಮಲ್ಲಿಗೆಯ ಹೂವು ಆವಿಯ ಬಿಸಿಗೆ ತಡೆಯಲ್ಲ, ಅದರ ಸಾರ ತೆಗೆಯುವುದು ದ್ರಾವಕದಲ್ಲಿ, ಅದಕ್ಕೆ ಅಬ್ಸಲ್ಯೂಟ್ ಅಂತಾರೆ. ಅಗ್ಗದ "ಮಲ್ಲಿಗೆ ಎಸೆನ್ಷಿಯಲ್ ಆಯಿಲ್" ಬಹುಪಾಲು ಕೃತಕವೇ. ಅದಕ್ಕಿಂತ ಒಂದು ಮೊಳ ಹೂವು ತಂದು ದಿಂಬಿನ ಹತ್ತಿರ ಇಟ್ಟರೆ ಆಯಿತು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಕಡ್ಡಿ ಆಫೀಸಿಗೆ ಸರಿ. ರಾತ್ರಿ ಕೈಗೆ ಹಚ್ಚಿಕೊಳ್ಳೋಕೆ ರೋಲ್-ಆನ್ ಮನೆಯಲ್ಲೇ ಮಾಡಬಹುದಾ? ಸ್ನಾನದ ನೀರಿಗೆ ಹಾಕಬಹುದಾ?

ಸಾಬೂನು ತಯಾರಿಸುವವರು (ಬಸವನಗುಡಿ):
ಮಾಡಬಹುದು. 10 ಎಂಎಲ್ ಕಂದು ಗಾಜಿನ ಬಾಟಲಿ, ಬಾಯಲ್ಲಿ ಉರುಳುವ ಸ್ಟೀಲ್ ಗುಂಡು ಇರುವಂಥದ್ದು ತಗೊಳ್ಳಿ. ತೊಳೆದರೆ ಪೂರ್ತಿ ಒಣಗಿಸಿ, ನೀರಿನ ಪಸೆ ಉಳಿದರೆ ಎಣ್ಣೆ ಮಬ್ಬಾಗುತ್ತೆ. ಬಾದಾಮಿ ಎಣ್ಣೆ 9 ಎಂಎಲ್ ಹಾಕಿ. ಲ್ಯಾವೆಂಡರ್ 2 ಹನಿ ಅಂದರೆ ಹೆಚ್ಚುಕಡಿಮೆ ಶೇ. 1, 4 ಹನಿ ಅಂದರೆ ಶೇ. 2. ಒಂದು ಎಂಎಲ್‌ಗೆ 20 ಹನಿ ಅನ್ನೋ ಲೆಕ್ಕ ಇದು, ಬಾಟಲಿಯ ಬಾಯಿ ಮತ್ತು ಎಣ್ಣೆಯ ಗಟ್ಟಿತನದ ಮೇಲೆ ಬದಲಾಗುತ್ತೆ. ನಿಖರವಾಗಿ ಬೇಕಾದರೆ ಸೂಜಿ ಇಲ್ಲದ 1 ಎಂಎಲ್ ಸಿರಿಂಜ್‌ನಲ್ಲಿ 0.1 ಎಂಎಲ್ ಎಳೆದುಕೊಳ್ಳಿ. ನೀವು ಶೇ. 1ರಲ್ಲೇ ಇರಿ, ಮಗು ಎತ್ತಿಕೊಳ್ಳುವ ಕೈ ಅದು. ಗುಂಡು ಒತ್ತಿ ಕೂರಿಸಿ, ಅಂಗೈಗಳ ನಡುವೆ ಉರುಳಿಸಿ ಬೆರೆಸಿ, ತಾರೀಕು ಬರೆದು ಅಂಟಿಸಿ. ಮೊಣಕೈ ಒಳಭಾಗಕ್ಕೆ ಒಂದು ಚುಕ್ಕಿ ಹಚ್ಚಿ ಒಂದು ದಿನ ಕಾಯಿರಿ, ಕೆಂಪಾದರೆ ಅಥವಾ ಕಡಿತ ಬಂದರೆ ಬಿಟ್ಟುಬಿಡಿ. ಆಗಲೂ ನೀರಲ್ಲಿ ಉಜ್ಜಬೇಡಿ, ಮೊದಲು ಕೊಬ್ಬರಿ ಎಣ್ಣೆಯಲ್ಲಿ ಒರೆಸಿ, ಆಮೇಲೆ ಸೋಪು.

ಬಾದಾಮಿ ಬದಲು ಕೊಬ್ಬರಿ ಎಣ್ಣೆ ಹಾಕಿದರೆ ಬೇಸಿಗೆಯಲ್ಲಿ ತೊಂದರೆ ಇಲ್ಲ. ಆದರೆ ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತೆ. ಡಿಸೆಂಬರ್ ರಾತ್ರಿ ಬೆಂಗಳೂರಿನಲ್ಲಿ ಗುಂಡು ಉರುಳೋದೇ ಇಲ್ಲ. ಗಾಣದ ಎಳ್ಳೆಣ್ಣೆ ಚರ್ಮಕ್ಕೆ ಒಳ್ಳೇದು, ಆದರೆ ಅದರ ಘಾಟಿನ ಮುಂದೆ ಲ್ಯಾವೆಂಡರ್ ಸೋಲುತ್ತೆ. ಸಾಸಿವೆ ಎಣ್ಣೆ ಬೇಡ, ಉರಿಯುತ್ತೆ.

ಸ್ನಾನದ ಬಕೆಟ್ಟಿಗೆ ನೇರವಾಗಿ ಹಾಕಬೇಡಿ. ಎಣ್ಣೆ ನೀರಲ್ಲಿ ಕರಗಲ್ಲ, ಮೇಲೆ ತೇಲುತ್ತೆ. ಮೊದಲ ತಂಬಿಗೆಯಲ್ಲೇ ಅಷ್ಟೂ ಒಂದೇ ಜಾಗದ ಚರ್ಮಕ್ಕೆ ಬಂದು ಅಂಟುತ್ತೆ, ಸೂಕ್ಷ್ಮ ಜಾಗಕ್ಕೆ ತಗುಲಿದರೆ ಕೇಳೋದೇ ಬೇಡ. ಒಂದು ಚಮಚ ಶಾಂಪೂನಲ್ಲಿ 2 ಹನಿ ಕಲಸಿ ಮೈಗೆ ಹಚ್ಚಿ ತೊಳೆದುಕೊಳ್ಳಿ.

ಚರ್ಮದ ಕ್ಲಿನಿಕ್‌ನಲ್ಲಿ ಕೆಲಸ ಮಾಡುವವರು (ಜಯನಗರ):
ಮೇಲಿನ ಲೆಕ್ಕ ಸರಿ ಇದೆ. "ಸ್ಟ್ರೆಸ್ ರಿಲೀಫ್" ಮಿಶ್ರಣಗಳಲ್ಲಿ ಬರ್ಗಮಾಟ್ (ನಿಂಬೆ ಜಾತಿಯ ಹಣ್ಣಿನ ಎಣ್ಣೆ) ಇರುತ್ತೆ, ಅದರ ಬಗ್ಗೆ ಯಾರೂ ಹೇಳಿಲ್ಲ. ಹಿಂಡಿ ತೆಗೆದ ಬರ್ಗಮಾಟ್ ಎಣ್ಣೆಯಲ್ಲಿ ಬರ್ಗಪ್ಟೆನ್ ಅನ್ನೋ ಅಂಶ ಇದೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಹಾಗೆ ಕೆಂಪಾಗಿ, ಆಮೇಲೆ ಕಪ್ಪು ಕಲೆ ಕೂರುತ್ತೆ, ನಮ್ಮ ಚರ್ಮದಲ್ಲಿ ಆ ಕಲೆ ತಿಂಗಳುಗಟ್ಟಲೆ ಹೋಗಲ್ಲ. ಹಚ್ಚುವ ಎಣ್ಣೆಯಲ್ಲಿ ಬರ್ಗಮಾಟ್ ಶೇ. 0.4 ದಾಟಬಾರದು, 10 ಎಂಎಲ್‌ಗೆ ಒಂದು ಹನಿಯೂ ಹೆಚ್ಚೇ. "ಬರ್ಗಪ್ಟೆನ್ ಫ್ರೀ" ಅಥವಾ "ಎಫ್‌ಸಿಎಫ್" ಅಂತ ಬರೆದಿದ್ದರೆ ಪರವಾಗಿಲ್ಲ. ಕಡ್ಡಿಯಲ್ಲಿ ಬಳಸಿದರೆ ಈ ತೊಂದರೆಯೇ ಇಲ್ಲ.

ಹಳೇ ಎಣ್ಣೆಯೂ ಚರ್ಮಕ್ಕೆ ಶತ್ರು. ಲಿನಲೂಲ್ ಮತ್ತು ಕಿತ್ತಳೆ, ನಿಂಬೆ ಎಣ್ಣೆಗಳಲ್ಲಿರುವ ಲಿಮೊನೀನ್ ಗಾಳಿ ತಾಗಿ ಆಕ್ಸಿಡೀಕರಣ ಆದರೆ ಅಲರ್ಜಿ ತರುತ್ತವೆ. ಕಿತ್ತಳೆ, ನಿಂಬೆ ಜಾತಿಯವು ತೆರೆದ ಮೇಲೆ ಆರು ತಿಂಗಳಿಂದ ವರ್ಷದ ಒಳಗೆ ಮುಗಿಸಿ. ಅರ್ಧ ಖಾಲಿಯಾದ ಬಾಟಲಿಯಲ್ಲಿ ಗಾಳಿಯೇ ಹೆಚ್ಚು, ಚಿಕ್ಕ ಬಾಟಲಿಗೆ ಸುರಿದು ಫ್ರಿಡ್ಜಲ್ಲಿಡಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಅಂತೂ ಬೇಡವೇ ಬೇಡ.

ಎಲೆಕ್ಟ್ರಾನಿಕ್ಸ್ ರಿಪೇರಿ (ಎಸ್.ಪಿ. ರಸ್ತೆ):
ಇವರಿಗೆ ಡಿಫ್ಯೂಸರ್ ಬೇಡ ಅಂದ್ರಿ, ಓದೋ ಬೇರೆಯವರಿಗೆ ಹೇಳ್ತೀನಿ. ನಮ್ಮ ಹತ್ರ ಬರೋ ಡಿಫ್ಯೂಸರ್‌ಗಳಲ್ಲಿ ಮುಕ್ಕಾಲು ಪಾಲು ಕೆಟ್ಟೇ ಇರಲ್ಲ. ತಳದಲ್ಲಿ ಕಾಸಿನಗಲದ ಬಿಲ್ಲೆ ಇರುತ್ತಲ್ಲ, ಅದು ನಡುಗಿ ನೀರನ್ನ ಮಂಜು ಮಾಡೋದು. ಬೋರ್‌ವೆಲ್, ಟ್ಯಾಂಕರ್ ನೀರು ಹಾಕಿದ್ರೆ ಬಿಲ್ಲೆ ಮೇಲೆ ಸುಣ್ಣ ಕಟ್ಟುತ್ತೆ, ಮಂಜು ನಿಲ್ಲುತ್ತೆ. ಟಿವಿ ಸ್ಟ್ಯಾಂಡ್ ಮೇಲೆ ಬಿಳಿ ಪುಡಿ ಕೂರೋದೂ ಆ ಉಪ್ಪೇ, ಅದನ್ನೇ ನೀವು ಉಸಿರಾಡ್ತಿರ್ತೀರಿ. ಆರ್‌ಒ ನೀರು ಹಾಕಿ. 15 ದಿನಕ್ಕೊಮ್ಮೆ ಪ್ಲಗ್ ತೆಗೆದು, ಬಿಲ್ಲೆ ಮುಳುಗೋವಷ್ಟು ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಹಾಕಿ ಹದಿನೈದು ನಿಮಿಷ ಬಿಟ್ಟು ಹತ್ತಿಯಲ್ಲಿ ಒರೆಸಿ. ಉಗುರು, ಸ್ಪೂನ್ ಹಾಕಿ ಕೆರೆದ್ರೆ ಬಿಲ್ಲೆ ಹೋಯ್ತು ಅಂತಲೇ. ನೀರು ಚೆಲ್ಲೋವಾಗ ಗಾಳಿ ಬರೋ ತೂತಿನ ಕಡೆ ಬಗ್ಗಿಸಬೇಡಿ, ಫ್ಯಾನ್ ಒಳಗೆ ಹೋಗುತ್ತೆ.

100 ಎಂಎಲ್ ನೀರಿಗೆ 3 ಹನಿ ಸಾಕು. ಅರ್ಧ ಗಂಟೆ ಓಡಿಸಿ, ಒಂದು ಗಂಟೆ ನಿಲ್ಲಿಸಿ, ಕಿಟಕಿ ಒಂಚೂರು ತೆಗೆದಿರಲಿ. ರಾತ್ರಿಯೆಲ್ಲ ಬೇಡ. ಬೆಕ್ಕಿರೋ ಮನೇಲಿ ಬೇಡವೇ ಬೇಡ, ಈ ಎಣ್ಣೆಗಳ ಅಂಶವನ್ನ ಕರಗಿಸಿ ಹೊರಹಾಕೋ ಶಕ್ತಿ ಬೆಕ್ಕಿನ ಲಿವರ್‌ಗೆ ಕಮ್ಮಿ.

ಆಪ್ತ ಸಮಾಲೋಚಕರು (ಹೊಸೂರು ರಸ್ತೆ):
ಮೊದಲು ಒಂದು ಮಾತು: ಎದೆ ಬಿಗಿತ ಆತಂಕದ್ದೇ ಅಂತ ನೀವೇ ತೀರ್ಮಾನ ಮಾಡಬೇಡಿ. ಒಮ್ಮೆ ಡಾಕ್ಟರ್ ಹತ್ತಿರ ಹೋಗಿ ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ.

ಇನ್ನು ಎಣ್ಣೆಯ ಕೆಲಸ ಎಷ್ಟು ಅಂದರೆ, ಆ ಹೊತ್ತಿನ ಬಿಗಿತ ಸ್ವಲ್ಪ ಇಳಿಸಬಹುದು. ಪರೀಕ್ಷೆಗಳು ನಡೆದಿವೆ, ಹೆಚ್ಚಿನವು ಚಿಕ್ಕವು. ವಾಸನೆ ಇದೆಯೋ ಇಲ್ಲವೋ ಅನ್ನೋದು ಪರೀಕ್ಷೆಗೆ ಕೂತವರ ಮೂಗಿಗೇ ತಿಳಿದುಹೋಗುವುದರಿಂದ ಗುಣ ಎಣ್ಣೆಯದೋ ನಂಬಿಕೆಯದೋ ಅಂತ ಬಿಡಿಸುವುದು ಕಷ್ಟ. ಹಾಗಂತ ಉಪಯೋಗವಿಲ್ಲ ಅಂತಲ್ಲ. ವಾಸನೆಯ ದಾರಿ ಮಿದುಳಿನಲ್ಲಿ ಭಯ ಮತ್ತು ನೆನಪಿನ ಭಾಗಗಳಿಗೆ ತೀರ ಹತ್ತಿರ, ಅದಕ್ಕೇ ಮಳೆ ಬಿದ್ದ ಮಣ್ಣಿನ ವಾಸನೆಗೆ ಊರು ಕಣ್ಣ ಮುಂದೆ ಬರೋದು. ಇದನ್ನೇ ಬಳಸಿಕೊಳ್ಳಿ.

ಆದರೆ ಕಡ್ಡಿಯನ್ನು ಮೊದಲ ಬಾರಿಗೆ ಟ್ರಾಫಿಕ್‌ನಲ್ಲಿ, ಗಾಬರಿಯ ನಡುವೆ ತೆಗೆಯಬೇಡಿ. ಹಾಗೆ ಮಾಡಿದರೆ ಆ ವಾಸನೆ ಗಾಬರಿಯ ಜೊತೆಗೇ ಗಂಟು ಬೀಳಬಹುದು, ಆಮೇಲೆ ಮನೆಯಲ್ಲಿ ತೆಗೆದರೂ ಎದೆ ಹೊಡೆದುಕೊಳ್ಳಬಹುದು. ಮೊದಲ ಎರಡು ವಾರ ಮಗು ಮಲಗಿದ ಮೇಲೆ, ಆರಾಮಾಗಿರುವಾಗ ಕೂತು ಮಾಡಿ. ಕಡ್ಡಿ ಮೂಗಿನಿಂದ ಒಂದಿಂಚು ದೂರ ಇರಲಿ. ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ. ಮೂರು ಉಸಿರಾದ ಮೇಲೆ ಕಡ್ಡಿ ಮುಚ್ಚಿ, ಉಸಿರಾಟ ಐದು ನಿಮಿಷ ಮುಂದುವರಿಸಿ. ಜೋರಾಗಿ ಎಳೆದು ಎಳೆದು ಮೂಸಬೇಡಿ, ಉಸಿರು ಹೆಚ್ಚಾಗಿ ಬೆರಳು ಜುಮ್ ಅನ್ನುತ್ತೆ, ತಲೆ ಸುತ್ತುತ್ತೆ, ಅದನ್ನೇ ಅಟ್ಯಾಕ್ ಅಂದುಕೊಂಡು ಇನ್ನೂ ಹೆದರುವವರಿದ್ದಾರೆ. ಇದೇ ಎಣ್ಣೆಯನ್ನು ಬಟ್ಟೆಗೆ, ಬಾತ್‌ರೂಮಿಗೆ ಬಳಸಬೇಡಿ, ಎಲ್ಲ ಕಡೆ ಇದ್ದರೆ ಗುರುತು ಅಳಿಸಿಹೋಗುತ್ತೆ.

ಎರಡು ಮೂರು ವಾರಕ್ಕೂ ನಿದ್ದೆ ಸರಿಹೋಗದಿದ್ದರೆ, ಕೆಲಸಕ್ಕೆ ಹೋಗಲೇ ಭಯ ಆದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ ಹೊರರೋಗಿ ವಿಭಾಗವೂ ಇದೆ.

ಗ್ರಂಥಿಗೆ ಅಂಗಡಿ (ಗಾಂಧಿ ಬಜಾರ್):
ಎಣ್ಣೆಯೇ ಆಗಬೇಕು ಅಂತೇನಿಲ್ಲಮ್ಮ. ಅತ್ತೆಯವರಿಗೆ ತಡೆಯುತ್ತಾ ನೋಡಿಕೊಂಡು ಒಣ ಲಾವಂಚದ ಬೇರು ಒಂದು ಹಿಡಿ ತೆಳು ಬಟ್ಟೇಲಿ ಕಟ್ಟಿ ದಿಂಬಿನ ಪಕ್ಕ ಇಡಿ, ವಾಸನೆ ಮೆಲ್ಲಗಾದಾಗ ನೀರು ಚಿಮುಕಿಸಿದರೆ ಮತ್ತೆ ಏಳುತ್ತೆ. ಮರುಗ, ದವನವೂ ಆಗುತ್ತೆ, ಮಾರ್ಕೆಟ್ಟಲ್ಲಿ ಕಟ್ಟಿನ ಲೆಕ್ಕದಲ್ಲಿ ಸಿಗುತ್ತೆ. ಊದುಬತ್ತಿ, ಸಾಂಬ್ರಾಣಿ ಹೊಗೆ ಮಾತ್ರ ಅಸ್ತಮಾದವರ ಮನೇಲಿ ಬೇಡ. ಮುಚ್ಚಿದ ಕೋಣೇಲಿ ಕೆಂಡ ಇಟ್ಕೊಂಡು ಮಲಗೋದಂತೂ ಯಾರಿಗೂ ಬೇಡ.

ಪ್ರಶ್ನೆ ಕೇಳಿದವರು:
ಮನೆಯಲ್ಲಿ 250 ರೂಪಾಯಿಯ "ಶ್ರೀಗಂಧ" ಬಾಟಲಿ ಇದೆ. ಮೇಲಿನ ಲೆಕ್ಕ ನೋಡಿದ್ರೆ ಅದು ಗಂಧ ಅಲ್ಲ ಅಂತಾಯ್ತು. ಏನು ಮಾಡಲಿ?

ಅತ್ತರು, ಎಣ್ಣೆ ಬೆರೆಸುವವರು (ಚಿಕ್ಕಪೇಟೆ):
ಮೈಗೂ ಬೇಡ, ಮೂಗಿಗೂ ಬೇಡ. ಹತ್ತಿ ಉಂಡೆಗೆ ನಾಲ್ಕು ಹನಿ ಹಾಕಿ ಶೂ ಸ್ಟ್ಯಾಂಡಿನ ಮೂಲೆಯಲ್ಲಿ, ಮಗುವಿನ ಕೈಗೆ ಎಟುಕದ ಎತ್ತರದಲ್ಲಿಡಿ.