ಬೆಳ್ಳಿ, ಹರಳಿನ ಒಡವೆ: ತೊಳೆಯುವ ಮೊದಲು ಕೇಳಿ

(ಯಾರ ಹೆಸರೂ ಬೇಡ ಅಂದಿದ್ದಕ್ಕೆ ಎಲ್ಲರನ್ನೂ ಅವರವರ ಒಡವೆಯಿಂದಲೇ ಕರೆದಿದ್ದೇನೆ. ಅಡ್ಮಿನ್)

ಅಕ್ಕಸಾಲಿ: ಕೈಯಲ್ಲಿ ಮಾಡಿದ ಬೆಳ್ಳಿ ಒಡವೆ, ಹರಳು ಕಟ್ಟಿದ್ದು, ಏನೇ ಅನುಮಾನ ಇದ್ದರೂ ಕೇಳಿ. ಕೆಲಸದ ಮಧ್ಯೆ ಬರೆಯುತ್ತೇನೆ, ತಡವಾದರೆ ಬೇಜಾರಾಗಬೇಡಿ. ಫೋಟೊ ಹಾಕುವಾಗ ಹಿಂದುಗಡೆಯದ್ದೂ ಹಾಕಿ. ಮುಂದುಗಡೆ ಎಲ್ಲರ ಒಡವೆಯೂ ಚೆನ್ನಾಗೇ ಇರುತ್ತದೆ.

ಬಳೆ: ಸರ್, 925 ಅಂತ ಮುದ್ರೆ ಇರುವ ಬಳೆ ಮೂರೇ ತಿಂಗಳಿಗೆ ಕಪ್ಪಾಗಿದೆ. ಮೋಸ ಹೋದೆನಾ?

ಅಕ್ಕಸಾಲಿ: ಕಪ್ಪಾದ ಮಾತ್ರಕ್ಕೆ ಮೋಸ ಅಲ್ಲ. ಸಾವಿರ ಪಾಲಲ್ಲಿ 925 ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಗಾಳಿಯಲ್ಲಿನ ಗಂಧಕದ ಅಂಶ ತಾಗಿ ಮೇಲೆ ಕಪ್ಪು ಪದರ ಕಟ್ಟುತ್ತದೆ. ಅಪ್ಪಟ ಬೆಳ್ಳಿಯೂ ಕಪ್ಪಾಗುತ್ತದೆ. ಪಾಲಿಶ್ ಬಟ್ಟೆಯಲ್ಲಿ ಒರೆಸಿ. ದಿನಾ ಹಾಕಿಕೊಂಡರೆ ಡಬ್ಬಿಯಲ್ಲಿಟ್ಟಷ್ಟು ಬೇಗ ಕಪ್ಪಾಗುವುದಿಲ್ಲ.

ಸರ: ಟೂತ್‌ಪೇಸ್ಟ್ ಹಾಕಿ ಉಜ್ಜಬಹುದಾ ಸರ್?

ಅಕ್ಕಸಾಲಿ: ಬೇಡ. ಅದರೊಳಗಿನ ಪುಡಿ ಬೆಳ್ಳಿಯನ್ನು ಗೀರುತ್ತದೆ.

ಓಪಲ್ ಉಂಗುರ: ಸರ್, ಅರ್ಜೆಂಟ್. ಬಿಳಿ ಓಪಲ್, ಅಂದರೆ ಒಳಗೆ ಬಣ್ಣ ಮಿಂಚುವ ಕಲ್ಲು, ಕಟ್ಟಿದ ಬೆಳ್ಳಿ ಉಂಗುರ. ನಿನ್ನೆ ಪಾತ್ರೆ ತೊಳೆಯುವಾಗ ಬಿಚ್ಚಿಡಲು ಮರೆತೆ. ಆಮೇಲೆ ನೋಡಿದರೆ ಬಣ್ಣವೆಲ್ಲ ಮಾಯ, ಗಾಜಿನ ಚೂರಿನ ಹಾಗಿದೆ. ಹೇರ್ ಡ್ರೈಯರ್ ಹಿಡಿಯಲಾ?

ಅಕ್ಕಸಾಲಿ: ಹಿಡಿಯಬೇಡಿ ಅಮ್ಮಾ. ಮೊದಲು ಡ್ರೈಯರ್ ಕೆಳಗಿಡಿ, ಆಮೇಲೆ ಓದಿ.

ಕೆಲವು ಓಪಲ್ ನೀರು ಕುಡಿಯುತ್ತವೆ. ಅವಕ್ಕೆ ಹೈಡ್ರೋಫೇನ್ ಅನ್ನುತ್ತಾರೆ. ಇಥಿಯೋಪಿಯಾದ ವೊಲ್ಲೊ ಕಡೆಯ ಕಲ್ಲುಗಳಲ್ಲಿ ಇದು ಜಾಸ್ತಿ. ಆಸ್ಟ್ರೇಲಿಯಾದ ಕಲ್ಲು ಸಾಮಾನ್ಯವಾಗಿ ಹೀಗೆ ಆಡುವುದಿಲ್ಲ. ಕಲ್ಲಿನೊಳಗೆ ಕಣ್ಣಿಗೆ ಕಾಣದ ಸಂದುಗಳಿವೆ. ಅಲ್ಲಿ ಗಾಳಿ ಇದ್ದಾಗ ಬೆಳಕು ಚೆದುರಿ ಕಲ್ಲು ಹಾಲಿನ ಹಾಗೆ ಕಾಣುತ್ತದೆ. ನೀರು ತುಂಬಿದರೆ ಬೆಳಕು ನೇರ ದಾಟಿ ಹೋಗುತ್ತದೆ. ಎಣ್ಣೆ ಬಿದ್ದ ಕಾಗದದ ಆಚೆ ಕಡೆ ಕಾಣುವುದಿಲ್ಲವೇ, ಹಾಗೆ. ನಿಮ್ಮದು ಇದೇ ಆಗಿದ್ದರೆ ಬಣ್ಣ ಎಲ್ಲೂ ಹೋಗಿಲ್ಲ.

ಮೆತ್ತನೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಬಿಡಿ, ಅಷ್ಟೇ. ಕೆಲವು ದಿನ ಹಿಡಿಯಬಹುದು. ಬಿಸಿಲು ಬೇಡ, ಓವನ್ ಬೇಡ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಮುಚ್ಚಿಡುವುದೂ ಬೇಡ. ಅವಸರ ಮಾಡಿ ಒಣಗಿಸಿದರೆ ಬಿರುಕು ಬಿಡುತ್ತದೆ, ಬಿರುಕಿಗೆ ನನ್ನ ಹತ್ತಿರವೂ ಮದ್ದಿಲ್ಲ. ಮಿಲಿಗ್ರಾಂ ತೋರಿಸುವ ತಕ್ಕಡಿ ಇದ್ದರೆ ಉಂಗುರವನ್ನು ದಿನಾ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಿತು ಅಂದರೆ ಒಣಗಿತು.

ನನಗೆ ಚಿಂತೆ ಇರುವುದು ಎರಡು. ಒಂದು, ನೀರಿನ ಜೊತೆ ಒಳಗೆ ಹೋದ ಸೋಪು, ಜಿಡ್ಡು. ನೀರು ಆರುತ್ತದೆ, ಜಿಡ್ಡು ಆರುವುದಿಲ್ಲ. ಎರಡು, ಅದು ಇಡೀ ಕಲ್ಲೇ ಅಲ್ಲದಿದ್ದರೆ? ತೆಳು ಓಪಲ್ ಚೂರನ್ನು ಕಪ್ಪು ತಳಕ್ಕೆ ಅಂಟಿಸಿ ಮಾಡುವುದುಂಟು, ಡಬ್ಲೆಟ್ ಅಂತ. ಅದರ ಅಂಟಿಗೆ ನೀರು ಇಳಿದರೆ ಮಂಕಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಪಕ್ಕದಿಂದ ಭೂತಗನ್ನಡಿಯಲ್ಲಿ ನೋಡಿ, ನೇರ ಗೆರೆ ಕಾಣುತ್ತದಾ?

ಓಪಲ್ ಉಂಗುರ: ಸುತ್ತ ಬೆಳ್ಳಿ ಕಟ್ಟು ಮೇಲಿನವರೆಗೂ ಇದೆ ಸರ್. ಪಕ್ಕ ಕಾಣುವುದೇ ಇಲ್ಲ.

ಅಕ್ಕಸಾಲಿ: ಹಾಗಾದರೆ ಕಾಯಬೇಕು.

ಫಾಯಿಲ್ ಫಾರ್ವರ್ಡ್: ಎಲ್ಲರಿಗೂ ಉಪಯೋಗ ಆಗಲಿ 🙏 ಅಲ್ಯುಮಿನಿಯಂ ಫಾಯಿಲ್ + ಅಡಿಗೆ ಸೋಡಾ + ಕುದಿಯುವ ನೀರು. ಯಾವುದೇ ಒಡವೆ 5 ನಿಮಿಷದಲ್ಲಿ ಹೊಸದು!!

ಅಕ್ಕಸಾಲಿ: ಬಂತಲ್ಲ, ಕಾಯ್ತಾ ಇದ್ದೆ. ಇದು ಪೂರ್ತಿ ಸುಳ್ಳಾಗಿದ್ದರೆ ನನಗೆ ಕೆಲಸ ಕಮ್ಮಿ ಇರುತ್ತಿತ್ತು. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯುಮಿನಿಯಂ ಹಿಡಿಯುವುದು ನಿಜ, ಆ ಕೊಳೆತ ಮೊಟ್ಟೆ ವಾಸನೆ ಅದರದ್ದೇ. ಹರಳಿಲ್ಲದ ಸಾದಾ ಚಮಚಕ್ಕೆ ಮಾಡಿಕೊಳ್ಳಿ. "ಯಾವುದೇ ಒಡವೆ" ಅನ್ನಬೇಡಿ. ಕೆತ್ತನೆಯ ಸಂದಿನ ಕಪ್ಪು ನಾವು ಬೇಕೆಂದೇ ಹಾಕಿದ್ದು, ಅದೂ ಹೋಗುತ್ತದೆ. ಪಚ್ಚೆಯ ಬಿರುಕಿಗೆ ತುಂಬಿಸಿದ ಎಣ್ಣೆ ಬಿಸಿಗೆ ಹೊರಗೆ ಬರುತ್ತದೆ. ಮುತ್ತು, ಹವಳ, ಓಪಲ್, ಟರ್ಕಾಯ್ಸ್ ಯಾವುದನ್ನೂ ಕುದಿನೀರಿಗೆ ಹಾಕಬಾರದು.

ಫಾಯಿಲ್ ಫಾರ್ವರ್ಡ್: ನಾವು ವರ್ಷಗಳಿಂದ ಮಾಡ್ತಿದ್ದೇವೆ, ಏನೂ ಆಗಿಲ್ಲ.

ಟರ್ಕಾಯ್ಸ್ ಪೆಂಡೆಂಟ್: ನನಗೆ ಆಗಿದೆ. ನೀವು ಹೋದ ತಿಂಗಳು ಇದೇ ಮೆಸೇಜ್ ಹಾಕಿದ್ದಿರಿ, ನೋಡಿ ಮಾಡಿದೆ. ಕಲ್ಲು ಮಂಕಾಗಿ ಅಲ್ಲಾಡ್ತಿದೆ.

ಫಾಯಿಲ್ ಫಾರ್ವರ್ಡ್: ನಿಮ್ಮ ಕಲ್ಲು ಡುಪ್ಲಿಕೇಟ್ ಇರಬೇಕು. ನಾನೇನು ಬಲವಂತ ಮಾಡಿದ್ನಾ?

ಟರ್ಕಾಯ್ಸ್ ಪೆಂಡೆಂಟ್: ಹೊಸದಾಗುತ್ತೆ ಅಂತ ಎರಡು ಆಶ್ಚರ್ಯಚಿಹ್ನೆ ಹಾಕಿದ್ದು ಯಾರು?

ಬಳೆ: ಜಗಳ ಬಿಡಿ. ಅಸಲಿ ಬೆಳ್ಳಿ ಮೇಲೆ ಐಸ್ ಇಟ್ಟರೆ ತಕ್ಷಣ ಕರಗುತ್ತಂತೆ, ಅದು ಸರಿಯಾದ ಪರೀಕ್ಷೆ ಅಲ್ವಾ?

ಅಕ್ಕಸಾಲಿ: ತಾಮ್ರದ ಮೇಲಿಟ್ಟರೂ ಹಾಗೇ ಕರಗುತ್ತದೆ. ಪೆಂಡೆಂಟ್‌ನವರೇ, ಅದನ್ನು ಹಾಕಿಕೊಂಡು ಓಡಾಡಬೇಡಿ, ಕಲ್ಲು ಬಿದ್ದುಹೋಗುತ್ತದೆ. ಹಿಂದುಗಡೆಯ ಫೋಟೊ ಕಳಿಸಿ. ನೀವೇ ಅಂಟು ಹಾಕಬೇಡಿ.

ಕಿವಿಯೋಲೆ: ಬೆಳ್ಳಿಗೆ ರೋಡಿಯಂ ಲೋಹದ ಕೋಟಿಂಗ್ ಮಾಡಿಸಿದರೆ ಕಪ್ಪಾಗಲ್ಲವಂತೆ, ಹೌದಾ ಸರ್?

ಮುತ್ತಿನ ಸರ: ನಿಂಬೆರಸದಲ್ಲಿ ಅದ್ದಿದರೆ ಮುತ್ತು ಹೊಳೆಯುತ್ತೆ ಅಂತ ಇನ್ನೊಂದು ಗುಂಪಲ್ಲಿ ಬಂದಿದೆ.

ಅಕ್ಕಸಾಲಿ: ಹುಳಿ ಮುತ್ತನ್ನು ತಿನ್ನುತ್ತದೆ. ಆ ಗುಂಪಿನಿಂದ ಹೊರಗೆ ಬನ್ನಿ. ಸೆಂಟು, ಕ್ರೀಮು ಎಲ್ಲ ಹಚ್ಚಿಕೊಂಡಾದ ಮೇಲೆ ಮುತ್ತು ಹಾಕಿಕೊಳ್ಳಿ. ಬಿಚ್ಚಿದ ಮೇಲೆ ಸ್ವಲ್ಪ ಒದ್ದೆ ಬಟ್ಟೆಯಲ್ಲಿ ಒರೆಸಿ, ಸರವನ್ನು ತೂಗುಹಾಕದೆ ಮಲಗಿಸಿಡಿ, ದಾರ ಜಗ್ಗುತ್ತದೆ.

ಸರ: ಎತ್ತಿಡುವುದು ಹೇಗೆ ಅಂತ ಯಾರೂ ಹೇಳಲಿಲ್ಲ.

ಅಕ್ಕಸಾಲಿ: ಬೆವರು ಒರೆಸಿ, ಪೂರ್ತಿ ಒಣಗಿದ ಮೇಲೆ, ಒಂದು ಜಿಪ್ ಕವರಿಗೆ ಒಂದೇ ಒಡವೆ, ಗಾಳಿ ಒತ್ತಿ ತೆಗೆದು. ಜೊತೆಗಿಟ್ಟರೆ ನೀಲದ ಹರಳು ಪಕ್ಕದ ಬೆಳ್ಳಿಯನ್ನೆಲ್ಲ ಗೀರುತ್ತದೆ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಉಣ್ಣೆ ಬಟ್ಟೆಯಲ್ಲಿ ಕಟ್ಟಬೇಡಿ, ಎರಡರಲ್ಲೂ ಗಂಧಕ ಇದೆ. ಮುತ್ತಿಗೂ ಓಪಲ್‌ಗೂ ಕವರ್ ಬೇಡ, ಹತ್ತಿ ಬಟ್ಟೆಯ ಚೀಲ.

ಸರ: ಬಿಳಿ ಟೂತ್‌ಪೇಸ್ಟ್ ಆದರೆ? ಜೆಲ್ ಅಲ್ಲ.

ಅಕ್ಕಸಾಲಿ: ಮೇಲೆ ನೋಡಿ.

ಫಾಯಿಲ್ ಫಾರ್ವರ್ಡ್: ಇಲ್ಲಿ ಒಳ್ಳೆಯದು ಹೇಳಿದರೂ ತಪ್ಪು. ಅಂಗಡಿಯವರಿಗೆ ವ್ಯಾಪಾರ ಆಗಬೇಕಲ್ಲ.

ಅಕ್ಕಸಾಲಿ: ನಿಮ್ಮ ಮೆಸೇಜಿನಿಂದಲೇ ಆಗ್ತಿದೆ. ಹಾಕ್ತಾ ಇರಿ.

ಓಪಲ್ ಉಂಗುರ: ಸರ್, ಐದನೇ ದಿನ. ಮಧ್ಯ ಇನ್ನೂ ಗಾಜಿನ ಹಾಗೇ ಇದೆ, ಆದರೆ ಒಂದು ಅಂಚಿನಲ್ಲಿ ಅಕ್ಕಿಕಾಳಿನಷ್ಟು ಜಾಗ ಬೆಳ್ಳಗಾಗಿ ಹಸಿರು ಮಿಂಚು ಕಾಣ್ತಿದೆ. ತೂಕ ನಿನ್ನೆಗಿಂತ 4 ಮಿಲಿಗ್ರಾಂ ಕಮ್ಮಿ.

ಅಕ್ಕಸಾಲಿ: ಅದು ನೀರು ಕುಡಿದದ್ದೇ! ಕೈ ಹಾಕಬೇಡಿ, ಹಾಗೇ ಬಿಡಿ. ನಾಳೆ ತೂಕ ಹೇಳಿ.

ಕಿವಿಯೋಲೆ: ಸರ್, ರೋಡಿಯಂ?