ಪುಣೆಯಲ್ಲಿ ಮನೆ ವೆಲ್ಡಿಂಗ್: ಯಾವ ಮಷೀನ್ ತಗೊಳ್ಳಲಿ, ಪೈಪ್ ಯಾಕೆ ತೂತಾಗುತ್ತೆ?

ಧಾಯರಿ ತಾರಸಿ (ಪ್ರಶ್ನೆ)

ನಮಸ್ಕಾರ. ಧಾಯರಿಯಲ್ಲಿ ರೋ ಹೌಸ್, ಪಕ್ಕಕ್ಕೆ 10×8 ಅಡಿಯ ತಗಡಿನ ಶೆಡ್ ಇದೆ. ಹೂಕುಂಡದ ಸ್ಟ್ಯಾಂಡ್, ಚಪ್ಪಲಿ ರ್ಯಾಕ್, ಆಮೇಲೆ ತಾರಸಿ ಮೇಲೆ ಬಟ್ಟೆ ಒಣಹಾಕೋಕೆ ಒಂದು ಫ್ರೇಮ್, ಇಷ್ಟೇ ಕೆಲಸ. ಎಲ್ಲಾ 25×25 ಸ್ಕ್ವೇರ್ ಪೈಪ್. ಅಂಗಡಿಯವರು 16 ಗೇಜ್ (ಗೋಡೆ ದಪ್ಪ 1.6 ಎಂಎಂ) ಅಂತ ಕೊಟ್ಟಿದ್ದಾರೆ.

ಬಾಡಿಗೆಗೆ ತಂದ 200 ಆಂಪ್ ಇನ್ವರ್ಟರ್ ವೆಲ್ಡಿಂಗ್ ಮಷೀನ್, 3.15 ಎಂಎಂ ರಾಡ್. 110 ಆಂಪ್ ಇಟ್ಟರೆ ಪೈಪ್ ತೂತು, 70ಕ್ಕೆ ಇಳಿಸಿದರೆ ರಾಡ್ ಅಂಟಿಕೊಂಡು ಕೂರುತ್ತೆ. ಸ್ವಂತ ಮಷೀನ್ ತಗೊಳ್ಳೋದಾದರೆ ಆರ್ಕ್ (ರಾಡ್ ಸಿಕ್ಕಿಸಿ ಮಾಡೋದು) ಸಾಕಾ, ಮಿಗ್ (ಟಾರ್ಚ್ ಅನ್ನೋ ಹಿಡಿಕೆಯಿಂದ ವೈರ್ ತಾನೇ ಬರುವಂಥದ್ದು) ಬೇಕಾ? ಶೆಡ್‌ನಲ್ಲಿರೋದು ಒಂದೇ 16 ಆಂಪ್ ಸಾಕೆಟ್. ಎಲ್ಲಾ ಸೇರಿ 15,000 ರೂಪಾಯಿ ಒಳಗೆ ಮುಗಿಸಬೇಕು. ಹೋದ ಮಳೆಗಾಲದಿಂದ ಉಳಿದ ಒಂದು ಪ್ಯಾಕೆಟ್ 6013 (ಸಾದಾ ಕಬ್ಬಿಣಕ್ಕೆ ಬಳಸುವ ಬಗೆ) ರಾಡ್ ಕೂಡ ಇದೆ, ನಡೆಯುತ್ತಾ?

ಭೋಸರಿ ಫ್ಯಾಬ್ರಿಕೇಶನ್

ಮಷೀನಿನದು ತಪ್ಪಿಲ್ಲ ಸರ್, ರಾಡ್ ದಪ್ಪ ಆಯ್ತು. 3.15 ರಾಡ್ ಸರಿಯಾಗಿ ಉರಿಯೋಕೆ 90ರಿಂದ 130 ಆಂಪ್ ಕೇಳುತ್ತೆ. 1.6 ಎಂಎಂ ಗೋಡೆಯ ಪೈಪ್ ಅಷ್ಟು ಶಾಖ ತಡೆಯಲ್ಲ. ಹಾಗಾಗಿ ಮೇಲಿಟ್ಟರೆ ತೂತು, ಕೆಳಗಿಟ್ಟರೆ ಅಂಟು. ನಡುವೆ ಎಲ್ಲೂ ಜಾಗವೇ ಇಲ್ಲ. 2.5 ಎಂಎಂ ರಾಡ್ ತಗೊಂಡು 60–65 ಆಂಪ್‌ನಿಂದ ಶುರು ಮಾಡಿ. 2 ಎಂಎಂ ಸಿಕ್ಕರೆ 40–55.

ಅದಕ್ಕೂ ಮೊದಲು ಆ ಪೈಪ್ ತೂಕ ಹಾಕಿ. 25×25ರ 6 ಮೀಟರ್ ಪೂರ್ತಿ ಉದ್ದ, 1.6 ಎಂಎಂ ಆಗಿದ್ದರೆ ಹತ್ತಿರ ಹತ್ತಿರ 7 ಕೆಜಿ ಬರಬೇಕು. 1.2 ಆಗಿದ್ದರೆ ಐದೂವರೆ, 2 ಎಂಎಂ ಆಗಿದ್ದರೆ ಎಂಟು ದಾಟುತ್ತೆ. ಬಾಯಲ್ಲಿ 16 ಗೇಜ್, ತಕ್ಕಡಿಯಲ್ಲಿ 18 ಗೇಜ್ (1.2 ಎಂಎಂ) ಆಗೋದು ಹೊಸದೇನಲ್ಲ. ಕಲಿಯುವವರು 2 ಎಂಎಂ ಪೈಪ್ ತಗೊಳ್ಳಿ. ಕಬ್ಬಿಣಕ್ಕೆ ನಾಲ್ಕು ಕಾಸು ಹೆಚ್ಚಾದರೂ ತೂತು ಮುಚ್ಚೋ ಕೆಲಸ ತಪ್ಪುತ್ತೆ.

ಪೋಲಾರಿಟಿ ಕೂಡ ನೋಡಿ. ತೆಳು ಪೈಪಿಗೆ ರಾಡ್ ಹೋಲ್ಡರ್ ಮೈನಸ್‌ಗೆ, ಅರ್ಥ್ ಕ್ಲಾಂಪ್ ಪ್ಲಸ್‌ಗೆ ಹಾಕಿ, ಆಳ ಕಮ್ಮಿ ಹೋಗುತ್ತೆ. 6013 ಎರಡು ಕಡೆಯೂ ಉರಿಯುತ್ತೆ, ಹೆದರಬೇಡಿ.

ಇನ್ನು ಜೋಡಣೆ. ಎರಡು ಪೈಪ್ ನಡುವೆ 1 ಎಂಎಂ ಸಂದು ಬಿಟ್ಟರೂ ಈ ದಪ್ಪಕ್ಕೆ ತೂತು ಗ್ಯಾರಂಟಿ, ಯಾಕೆಂದರೆ ತೆಳು ಅಂಚಿಗೆ ಶಾಖ ಹರಿದುಹೋಗೋಕೆ ದಾರಿ ಇಲ್ಲ. ಕತ್ತರಿಸಿದ ತುದಿಯನ್ನ ಗ್ರೈಂಡ್ ಮಾಡಿ, ಬೆಳಕು ತೂರದ ಹಾಗೆ ಕೂರಿಸಿ. ಆರ್ಕ್ ಉದ್ದ (ರಾಡ್ ತುದಿಗೂ ಪೈಪಿಗೂ ನಡುವಿನ ಅಂತರ) ರಾಡ್ ದಪ್ಪದಷ್ಟೇ ಇರಲಿ. ರಾಡನ್ನ ಸಾಗುವ ದಿಕ್ಕಿಗೆ 10–20 ಡಿಗ್ರಿ ವಾಲಿಸಿ ಎಳೆಯಿರಿ. ಒಂದೇ ಸಲ ಉದ್ದ ಎಳೆಯಬೇಡಿ. 15 ಎಂಎಂ ಹಾಕಿ ನಿಲ್ಲಿಸಿ, ಕೆಂಪು ಇಳಿದ ಮೇಲೆ ಮುಂದಿನದು. ತೂತು ಬಿದ್ದರೆ ಅಲ್ಲೇ ರಾಡ್ ಇಟ್ಟುಕೊಂಡು ಕೂರಬೇಡಿ, ದೊಡ್ಡದಾಗುತ್ತೆ. ಹಿಂದೆ ಒಂದು ತಾಮ್ರದ ಪಟ್ಟಿ ಒತ್ತಿ ಹಿಡಿದು, ಆಂಪ್ ಇಳಿಸಿ, ಅಂಚಿನಿಂದ ಒಂದೊಂದೇ ಚುಕ್ಕೆ ಹಾಕುತ್ತಾ ಒಳಗೆ ಬನ್ನಿ. ವೆಲ್ಡ್ ತಾಮ್ರಕ್ಕೆ ಹಿಡಿಯಲ್ಲ.

ಮಿಗ್ ಸದ್ಯಕ್ಕೆ ಬೇಡ. ತೆಳು ಪೈಪಿಗೆ ಅದು ಸುಲಭ, ನಿಜ. ಆದರೆ ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್ ಎಲ್ಲಾ ಸೇರಿ ನಿಮ್ಮ ಬಜೆಟ್ ದಾಟುತ್ತೆ, ತಾರಸಿ ಗಾಳಿಗೆ ಗ್ಯಾಸ್ ನಿಲ್ಲೋದೂ ಇಲ್ಲ. ಗ್ಯಾಸ್ ಇಲ್ಲದ ಫ್ಲಕ್ಸ್ ವೈರ್ (ಒಳಗೆ ಪುಡಿ ತುಂಬಿದ ವೈರ್) ಮಷೀನ್ ಬರುತ್ತೆ, ಅದರಲ್ಲಿ ಹೊಗೆ ಮತ್ತು ಚಿಮ್ಮು ಜಾಸ್ತಿ. ಯಾವತ್ತಾದರೂ ತಗೊಂಡರೆ ನೆನಪಿಡಿ, ಫ್ಲಕ್ಸ್ ವೈರಿಗೆ ಟಾರ್ಚ್ ಮೈನಸ್, ಗ್ಯಾಸ್ ಇರುವ ಸಾದಾ ವೈರಿಗೆ ಟಾರ್ಚ್ ಪ್ಲಸ್. ಹೊಸಬರು ಬದಲಿಸೋದು ಮರೆತು ವೈರ್ ಕೆಟ್ಟದು ಅಂತಾರೆ.

ಪಿಂಪ್ರಿ ವೈರಿಂಗ್

ಸಾಕೆಟ್ ವಿಷಯ ನಾನು ಹೇಳ್ತೀನಿ. ಮಷೀನ್ ಮೇಲೆ 200 ಆಂಪ್ ಅಂತ ಬರೆದಿರೋದು ರಾಡಿನ ಕಡೆಯ ಲೆಕ್ಕ, ಗೋಡೆ ಕಡೆಯದಲ್ಲ. 80 ಆಂಪ್‌ನಲ್ಲಿ ಆರ್ಕ್ ವೋಲ್ಟೇಜ್ ಸುಮಾರು 23. ಅಂದರೆ 1,850 ವಾಟ್. ಮಷೀನಿನ ನಷ್ಟ, ಕಮ್ಮಿ ಪವರ್ ಫ್ಯಾಕ್ಟರ್ ಎರಡೂ ಸೇರಿಸಿದರೆ 230 ವೋಲ್ಟ್ ಕಡೆಯಿಂದ 13–14 ಆಂಪ್ ಎಳೆಯುತ್ತೆ. 16 ಆಂಪ್ ಸಾಕೆಟ್‌ಗೆ ಇದು ಸರಿ. ಅದೇ 110 ಇಟ್ಟರೆ 19–20 ಆಂಪ್.

ಅಪಾಯ ಇರೋದು ಇಲ್ಲಿ. 16 ಆಂಪ್ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್) 20 ಆಂಪ್‌ಗೆ ತಕ್ಷಣ ಬೀಳಲ್ಲ. ನಿಯಮದ ಪ್ರಕಾರ 1.13 ಪಟ್ಟಿನವರೆಗೆ ಅದು ಒಂದು ಗಂಟೆ ಬೀಳಬಾರದು, 1.45 ಪಟ್ಟಿಗೆ ಒಂದು ಗಂಟೆಯೊಳಗೆ ಬೀಳಲೇಬೇಕು. ಅಂದರೆ 18ರಿಂದ 23 ಆಂಪ್ ನಡುವೆ ಯಾವ ಭರವಸೆಯೂ ಇಲ್ಲ. ಎಂಸಿಬಿ ಸುಮ್ಮನಿರುತ್ತೆ, ಪ್ಲಗ್ ಪಿನ್ ಕಾದು ಸಾಕೆಟ್ ಕರಗುತ್ತೆ. ಕೆಲಸದ ನಡುವೆ ಒಮ್ಮೆ ಪ್ಲಗ್ ಮುಟ್ಟಿ ನೋಡಿ. ಬಿಸಿ ಇದ್ದರೆ ನಿಲ್ಲಿಸಿ. ಮುಂದೆ 3.15 ರಾಡ್ ಓಡಿಸೋ ಯೋಚನೆ ಇದ್ದರೆ ಮೇನ್ ಬೋರ್ಡಿನಿಂದ ಪ್ರತ್ಯೇಕ 4 ಚದರ ಎಂಎಂ ತಾಮ್ರದ ಲೈನ್ ಎಳೆಸಿ, ಇಂಡಸ್ಟ್ರಿಯಲ್ ಸಾಕೆಟ್ ಮತ್ತು 25 ಆಂಪ್ ಸಿ ಟೈಪ್ ಎಂಸಿಬಿ ಹಾಕಿಸಿ. ಮಹಾವಿತರಣ (ಕರೆಂಟ್ ಕಂಪನಿ) ಬಿಲ್ಲಿನಲ್ಲಿ ನಿಮ್ಮ ಮಂಜೂರಾದ ಲೋಡ್ ಎಷ್ಟು ಅಂತಲೂ ನೋಡಿಕೊಳ್ಳಿ.

ಎಕ್ಸ್‌ಟೆನ್ಶನ್ ಬೇಕಾದರೆ 2.5 ಚದರ ಎಂಎಂ, ಮೂರು ಕೋರ್, 20 ಮೀಟರ್ ಒಳಗೆ. ಮನೆಯಲ್ಲಿ ಬಿದ್ದಿರೋ 1 ಚದರ ಎಂಎಂ ವೈರ್ ಹಾಕಿದರೆ 20 ಮೀಟರ್‌ಗೆ 10 ವೋಲ್ಟ್ ಇಳಿಯುತ್ತೆ, ಆ ಶಕ್ತಿ ಪೂರ್ತಿ ವೈರಿನಲ್ಲೇ ಶಾಖ. ಸುರುಳಿ ಬಿಚ್ಚದೆ ಓಡಿಸಿದರೆ ಇನ್ಸುಲೇಶನ್ ಕರಗಿ ಒಂದಕ್ಕೊಂದು ಅಂಟುತ್ತೆ.

ಅರ್ಥ್ ಕ್ಲಾಂಪ್ ಕೆಲಸದ ತುಂಡಿಗೇ, ಪೇಂಟ್ ಕೆರೆದ ಜಾಗಕ್ಕೇ ಹಾಕಿ. ಗೇಟಿಗೋ ನಲ್ಲಿ ಪೈಪಿಗೋ ಸಿಕ್ಕಿಸಿ ಇನ್ನೆಲ್ಲೋ ವೆಲ್ಡ್ ಮಾಡಿದರೆ 80 ಆಂಪ್ ಮನೆಯ ತೆಳ್ಳಗಿನ ಅರ್ಥ್ ವೈರ್ ಹಿಡಿದು ವಾಪಸ್ ಬರಲು ನೋಡುತ್ತೆ, ಅದು ಗೋಡೆ ಒಳಗೇ ಸುಡುತ್ತೆ. ಇನ್ನೊಂದು, ಗ್ರೈಂಡರ್ ಕಿಡಿ ಮಷೀನ್ ಕಡೆ ಹಾರದ ಹಾಗೆ ಇಡಿ. ಫ್ಯಾನ್ ಕಬ್ಬಿಣದ ಪುಡಿ ಒಳಗೆಳೆದು ಬೋರ್ಡ್ ಮೇಲೆ ಕೂರಿಸುತ್ತೆ. ಇನ್ವರ್ಟರ್ ಸಾಯಲು ಅದೊಂದು ಮುಖ್ಯ ಕಾರಣ.

ಸೋಲಾಪುರ ರಸ್ತೆ

ಮಷೀನ್ ಆಮ್ಯಾಲೆ, ಮೊದಲ ಹೆಲ್ಮೆಟ್ ತಗೋರಿ. ಬಜೆಟ್ಟಿನ ಅರ್ಧಕ್ಕಿಂತ ಹೆಚ್ಚು ಮಷೀನಿಗೆ ಹಾಕಬ್ಯಾಡ್ರಿ. ಡ್ಯೂಟಿ ಸೈಕಲ್ 60 ಪರ್ಸೆಂಟ್ ಅಂತ ಬರದಿರ್ತಾರಲ್ರಿ, ಅಂದ್ರ ಪೂರ್ತಿ ಆಂಪ್‌ನ್ಯಾಗ 10 ನಿಮಿಷಕ್ಕ 6 ನಿಮಿಷ. ನೀವು 70 ಆಂಪ್ ಹಚ್ಚಿದ್ರ ಆ ಮಿತಿ ಹತ್ರನೂ ಹೋಗಂಗಿಲ್ಲ. ಹಾಟ್ ಸ್ಟಾರ್ಟ್ (ಆರ್ಕ್ ಲಗೂನ ಹತ್ತೋದು), ಆಂಟಿ ಸ್ಟಿಕ್ (ರಾಡ್ ಅಂಟದಂಗ ತಡೆಯೋದು) ಇದ್ರ ಸಾಕು. ಪುಣೆದಾಗ ಸರ್ವಿಸ್ ಐತಿ ಅನ್ನೋದು ಖಾತ್ರಿ ಮಾಡ್ಕೊಂಡು ತಗೋರಿ, ಆನ್‌ಲೈನ್‌ನ್ಯಾಗ ಅಗ್ಗ ಐತಿ ಅಂತ ಹೆಸರಿಲ್ಲದ ಡಬ್ಬಿ ತರಬ್ಯಾಡ್ರಿ. ರಾಡ್ ಮ್ಯಾಲೆ ಐಎಸ್ 814 (ವೆಲ್ಡಿಂಗ್ ರಾಡಿನ ಭಾರತೀಯ ಮಾನದಂಡ) ಗುರುತು ನೋಡ್ರಿ.

ಹೆಲ್ಮೆಟ್ ಆಟೋ ಡಾರ್ಕನಿಂಗ್ ಇರಲಿ, ಶೇಡ್ (ಗಾಜು ಎಷ್ಟು ಕಪ್ಪಾಗ್ತೈತಿ ಅನ್ನೋ ನಂಬರ್) 9ರಿಂದ 13. ನಿಮ್ಮ ಕೆಲಸಕ್ಕ 10 ಇಡ್ರಿ. ಕೈಯಾಗ ಹಿಡಿಯೋ ಕರೀ ಗಾಜಿನ ಶೀಲ್ಡ್ ಅಗ್ಗ ಖರೆ, ಆದ್ರ ಕಲಿಯವ್ರು ರಾಡ್ ತಾಗಿಸೋ ಮೊದಲ ಶೀಲ್ಡ್ ಎತ್ತಿ ಇಣುಕಿ ನೋಡ್ತಾರ, ಕಣ್ಣು ಹೊಡಿಸ್ಕೊಳ್ತಾರ. ಆರ್ಕ್ ಬಡದಿದ್ದು ಆವಾಗ ಗೊತ್ತಾಗಂಗಿಲ್ರಿ. ನಾಕಾರು ತಾಸಿನ ಮ್ಯಾಲೆ, ಮಲಗೋ ಹೊತ್ತಿಗೆ, ಕಣ್ಣಾಗ ಉಸುಕು ಹಾಕಿ ತಿಕ್ಕಿದಂಗ ಆಗ್ತೈತಿ. ಬಟಾಟಿ ಹೋಳು ಇಟ್ಕೊಂಡು ಕುಂಡ್ರಬ್ಯಾಡ್ರಿ, ಕಣ್ಣಿನ ಡಾಕ್ಟರ್ ಹತ್ರ ಹೋಗ್ರಿ. ಮಕ್ಕಳು, ನಾಯಿ ಯಾರೂ ನೋಡ್ಕೋತ ನಿಲ್ಲಬಾರ್ದು.

ಉಳಿದದ್ದು: ತೊಗಲಿನ ಉದ್ದ ಕೈಗವಸು, ಚಿಪ್ಪಿಂಗ್ ಸುತ್ತಿಗಿ, ವೈರ್ ಬ್ರಶ್, ಎರಡು ಸಿ ಕ್ಲಾಂಪ್, ಮೂಲೆಮಟ್ಟ, 4 ಇಂಚಿನ ಗ್ರೈಂಡರ್. ಗ್ರೈಂಡರ್ ಗಾರ್ಡ್ ತಗಿಬ್ಯಾಡ್ರಿ. 5 ಇಂಚಿನ ಡಿಸ್ಕ್ ಕೂಡಂಗಿಲ್ಲ ಅಂತ ಗಾರ್ಡ್ ಬಿಚ್ಚಿ ಹಾಕವ್ರು ಅದಾರ, ಆ ಸ್ಪೀಡಿಗೆ ಡಿಸ್ಕ್ ಒಡದ್ರ ಮುಖಕ್ಕ ಬರ್ತೈತಿ. ಡಿಸ್ಕಿನ ನಡುವಿನ ಲೋಹದ ಬಳಿ ಮ್ಯಾಲೆ ಎಕ್ಸ್‌ಪೈರಿ ತಿಂಗಳು, ವರ್ಷ ಇರ್ತಾವ, ಓದ್ರಿ. ಅಂಗಿ ಹತ್ತೀದ ಇರಲಿ, ಟೆರಿಕಾಟ್ ಕಿಡಿ ಬಿದ್ರ ಕರಗಿ ಚರ್ಮಕ್ಕ ಅಂಟ್ತೈತಿ.

ಸಾಮಾನು ನಾನಾ ಪೇಠ, ಭವಾನಿ ಪೇಠ ಕಡೆ ತಿರುಗಿ ನೋಡ್ರಿ. ಮುಂಬೈಗೆ ಹೋಗೋದಿದ್ರ ನಾಗದೇವಿ ಸ್ಟ್ರೀಟ್. ಪದ್ಧತಿ ಪ್ರಕಾರ ಕಲಿಬೇಕಂದ್ರ ಔಂಧ್ ಸರ್ಕಾರಿ ಐಟಿಐ ಐತಿ. ಐಟಿಐ ವೆಲ್ಡರ್ ಟ್ರೇಡ್ ಒಂದು ವರ್ಷದ್ದು, ದಿನಾ ಹೋಗ್ಬೇಕಾಗ್ತೈತಿ. ನೌಕರಿ ಮಾಡವ್ರಿಗೆ ಅದು ಕಷ್ಟ. 2.5 ರಾಡ್ ಎರಡು ಕೆಜಿ ಬರೇ ಭಂಗಾರ್ (ಗುಜರಿ) ತುಂಡಿನ ಮ್ಯಾಲೆ ಸುಡ್ರಿ. 6 ಎಂಎಂ ಪಟ್ಟಿ ಮ್ಯಾಲೆ ಗೆರಿ ನೆಟ್ಟಗ ಬರೋ ತನಕ ಪೈಪ್ ಮುಟ್ಟಬ್ಯಾಡ್ರಿ.

ಧಾಯರಿ ತಾರಸಿ

ಎಲ್ಲರಿಗೂ ಧನ್ಯವಾದ. ಪೈಪ್ ತೂಕ ಹಾಕಿದೆ, 5.6 ಕೆಜಿ! ಇನ್ನೆರಡು ಕೇಳ್ತೀನಿ. ತಾರಸಿ ಫ್ರೇಮ್ ಮಳೆಗೆ ನೆನೆಯುತ್ತೆ, ಜಿಐ (ಸತುವಿನ ಲೇಪದ) ಪೈಪ್ ತಗೊಳ್ಳಲಾ? ಮತ್ತೆ ಮೊನ್ನೆಯ ಸ್ಟ್ಯಾಂಡ್ ನೆಲದ ಮೇಲೆ ಮೂರೇ ಕಾಲಲ್ಲಿ ನಿಲ್ಲುತ್ತೆ. ಕತ್ತರಿಸಿದ ಅಳತೆ ಎಲ್ಲಾ ಸರಿ ಇತ್ತು.

ಭೋಸರಿ ಫ್ಯಾಬ್ರಿಕೇಶನ್

ಕಲಿಯುವ ಹಂತದಲ್ಲಿ ಜಿಐ ಬೇಡ. ಸತುವು 907 ಡಿಗ್ರಿಗೇ ಕುದಿಯುತ್ತೆ, ಕಬ್ಬಿಣ ಕರಗೋದು 1,500 ಹತ್ತಿರ. ಹಾಗಾಗಿ ಸತುವೆಲ್ಲ ಬಿಳಿ ಹೊಗೆಯಾಗಿ ಏಳುತ್ತೆ. ಉಸಿರಿಗೆ ಹೋದರೆ ಕೆಲವು ಗಂಟೆ ಬಿಟ್ಟು ಚಳಿಜ್ವರ, ಮೈಕೈ ನೋವು. ವೆಲ್ಡಿನಲ್ಲಿ ಗುಳ್ಳೆ ತೂತುಗಳೂ ಬೀಳುತ್ತವೆ. ಮಾಡಲೇಬೇಕಾದರೆ ಜೋಡಣೆಯ ಎರಡೂ ಕಡೆ ಒಂದೊಂದು ಇಂಚು ಲೇಪ ಗ್ರೈಂಡ್ ಮಾಡಿ ತೆಗೆದು, ತೆರೆದ ಜಾಗದಲ್ಲಿ, ಗಾಳಿಗೆ ಪಕ್ಕಕ್ಕೆ ನಿಂತು, ಹೊಗೆಗೆ ತಕ್ಕ ಮಾಸ್ಕ್ ಹಾಕಿ ಮಾಡಿ. ನಿಮ್ಮ ಶೆಡ್ ಒಳಗೆ ಮಾತ್ರ ಬೇಡವೇ ಬೇಡ. ಸಾದಾ ಕಪ್ಪು ಪೈಪ್ ತಂದು, ಸ್ಲ್ಯಾಗ್ (ವೆಲ್ಡ್ ಮೇಲೆ ಕೂರುವ ಗಟ್ಟಿ ಪದರ) ಪೂರ್ತಿ ತೆಗೆದು, ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೈ, ಎನಾಮೆಲ್ ಎರಡು ಕೈ ಹೊಡೆಯಿರಿ. ಪೈಪಿನ ತೆರೆದ ಬಾಯಿಗಳನ್ನ ತಗಡು ಇಟ್ಟು ಮುಚ್ಚಿ, ಇಲ್ಲದಿದ್ದರೆ ನೀರು ಒಳಗಿಂದಲೇ ತಿನ್ನುತ್ತೆ.

ಮೂರು ಕಾಲಿನ ವಿಷಯ: ಕತ್ತರಿಸಿದ ಅಳತೆಗೂ ಅದಕ್ಕೂ ಸಂಬಂಧ ಇಲ್ಲ. ವೆಲ್ಡ್ ತಣಿಯುವಾಗ ಕುಗ್ಗಿ ತನ್ನ ಕಡೆಗೆ ಎಳೆಯುತ್ತೆ. ಒಂದು ಮೂಲೆ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿರ್ತೀರಿ. ಮೊದಲು ನಾಲ್ಕೂ ಮೂಲೆಗೆ 5–8 ಎಂಎಂ ಟ್ಯಾಕ್ (ತಾತ್ಕಾಲಿಕ ಚಿಕ್ಕ ವೆಲ್ಡ್) ಮಾತ್ರ ಹೊಡೆದು, ಕರ್ಣ ಅಳೆಯಿರಿ. 600×900ರ ಚೌಕಟ್ಟಾದರೆ ಎರಡೂ ಕರ್ಣ 1,082 ಎಂಎಂ ಬರಬೇಕು. 2 ಎಂಎಂಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಉದ್ದ ಕರ್ಣದ ತುದಿಗೆ ಮರದ ತುಂಡಿಟ್ಟು ಬಡಿದು ಸರಿಮಾಡಿ. ಟ್ಯಾಕ್ ಬಗ್ಗುತ್ತೆ, ಪೂರ್ತಿ ವೆಲ್ಡ್ ಬಗ್ಗಲ್ಲ. ಆಮೇಲೆ ಎದುರು ಮೂಲೆಗೆ ಎದುರು ಮೂಲೆ ಹಾಕುತ್ತಾ ಹೋಗಿ. ಒಂದು ಮುಖ ಹಾಕಿದ ಮೇಲೆ ಫ್ರೇಮ್ ಮಗುಚಿ ಅದರ ಹಿಂಬದಿ ಹಾಕಿ.

ಹಳೇ ರಾಡ್ ಮರೆತೆ. ಲೇಪ ಉದುರುತ್ತಿದ್ದರೆ, ಒಳಗಿನ ತಂತಿ ತುಕ್ಕು ಹಿಡಿದಿದ್ದರೆ ಎಸೆಯಿರಿ. ಬರೀ ತೇವ ಆಗಿದ್ದರೆ 100–120 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿಡಿ. 7018 ಅನ್ನೋ ಬೇರೆ ಬಗೆಯ ರಾಡಿಗೆ ಹೇಳುವ 300 ಡಿಗ್ರಿ ಇದಕ್ಕೆ ಕೊಡಬೇಡಿ, ಲೇಪದೊಳಗಿನ ಸೆಲ್ಯುಲೋಸ್ ಸುಟ್ಟು ಆರ್ಕ್ ಕೆಡುತ್ತೆ. ಅಡಿಗೆಯ ಓವನ್ ಬಳಸಬೇಡಿ.

ಪಿಂಪ್ರಿ ವೈರಿಂಗ್

ರೋ ಹೌಸ್ ಅಂದಿರಲ್ಲ, ಶೆಡ್ ಪಕ್ಕ ಸ್ಕೂಟರ್ ನಿಲ್ಲಿಸ್ತೀರಾ? ಕಿಡಿ ಹತ್ತು ಮೀಟರ್ ತನಕ ಹಾರುತ್ತೆ, ಮೊದಲು ಅದನ್ನ ಹೊರಗಿಡಿ. ತಾರಸಿಯಲ್ಲಾದರೆ ಪ್ಲಾಸ್ಟಿಕ್ ಹುಲ್ಲು, ವಾಟರ್‌ಪ್ರೂಫಿಂಗ್ ಶೀಟ್ ಇದ್ದರೆ ಮೇಲೆ ತಗಡು ಹಾಸಿ. ಒಂದು ಬಕೆಟ್ ಮರಳು ಇರಲಿ. ಕೆಲಸ ಮುಗಿಸಿ ಅರ್ಧ ಗಂಟೆ ಅಲ್ಲೇ ಇದ್ದು ಮೂಲೆ ಮೂಲೆ ನೋಡಿ.